ಮಾಂಟ್ರಿಯಲ್ 1977: ಒಂದೇ ಕ್ಯಾಸೆಟ್, ಮೂರು ರೀಮಾಸ್ಟರ್

1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್ ನುಡಿಸಿದ್ದು ಆ ವರ್ಷದ ಪ್ರವಾಸದ ಕಟ್ಟಕಡೆಯ ಕಾರ್ಯಕ್ರಮ. ತಂಡದ ಗಾಯಕ, ಬೇಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ತಾಳ್ಮೆಗೆಟ್ಟು ವೇದಿಕೆಯ ಮುಂದಿದ್ದ ಅಭಿಮಾನಿಯ ಮೇಲೆ ಉಗಿದದ್ದು ಅಂದೇ. 1979ರ ‘ದಿ ವಾಲ್’ ಆಲ್ಬಮ್ಮಿಗೆ ಬೀಜ ಬಿದ್ದದ್ದೂ ಅಲ್ಲೇ. ಜನರ ನಡುವೆ ಕೂತವರು ಮೈಕ್ ಬಚ್ಚಿಟ್ಟುಕೊಂಡು ತೆಗೆದ ರೆಕಾರ್ಡಿಂಗ್‌ಗಳು ನಕಲಿನ ಮೇಲೆ ನಕಲಾಗಿ ಊರೂರು ಸುತ್ತಿವೆ. ಮೈಸೂರಿನಲ್ಲಿ ನಮ್ಮ ಕೈಗೆ ಬಂದ ಅಂಥದೊಂದು ಕ್ಯಾಸೆಟ್ ನಕಲನ್ನು ಮೂರು ದಾರಿಯಲ್ಲಿ ರೀಮಾಸ್ಟರ್ ಮಾಡಿ (ಅಂದರೆ ಹಳೆಯ ರೆಕಾರ್ಡಿಂಗಿನ ಸದ್ದು ತಿದ್ದಿ ಹೊಸ ಪ್ರತಿ ತೆಗೆದು), ಪಕ್ಕಪಕ್ಕ ಇಟ್ಟು ಕೇಳಿದ ಹೋಲಿಕೆ ಇದು.

ಮೊದಲನೆಯದನ್ನು ‘ಬರಿ’ ಪ್ರತಿ ಎನ್ನೋಣ. ಇದರಲ್ಲಿ ಟೇಪಿನ ದೋಷಗಳನ್ನಷ್ಟೇ ತಿದ್ದಿದೆ: ವೇಗ, ಟೇಪ್ ಓದುವ ಹೆಡ್‌ನ ಕೋನ, ಎಡ-ಬಲದ ಮಟ್ಟ. ಎರಡನೆಯದು ‘ಉಜ್ಜಿದ’ ಪ್ರತಿ, ಅಂದರೆ ಅದರ ಮೇಲೆ 12 ಡೆಸಿಬೆಲ್ ನಾಯ್ಸ್ ರಿಡಕ್ಷನ್ (ಹಿಸ್ ಎಂಬ ಟೇಪಿನ ಸುಸ್ಸೆನ್ನುವ ಸದ್ದು ತಗ್ಗಿಸುವುದು), ಕ್ಲಿಕ್ ತೆಗೆಯುವ ಫಿಲ್ಟರ್, ಈಕ್ಯೂ (ಬೇರೆ ಬೇರೆ ಆವರ್ತನಗಳ ಮಟ್ಟ ಏರಿಳಿಸುವುದು), ಕೊನೆಗೆ ಲಿಮಿಟರ್ (ಮಿತಿ ಮೀರಿದ ಸದ್ದನ್ನು ಅದುಮುವುದು). ಮೂರನೆಯದು ‘ಬಿಡಿಸಿದ’ ಪ್ರತಿ. ಡೆಮಕ್ಸ್ ಎಂಬ ಎಐ ತಂತ್ರಾಂಶದಿಂದ ಗಾಯನ, ಡ್ರಮ್ಸ್, ಬೇಸ್, ಮಿಕ್ಕಿದ್ದು ಎಂದು ನಾಲ್ಕು ಎಳೆಯಾಗಿ ಬಿಡಿಸಿ, ಮಟ್ಟ ಬದಲಿಸಿ, ಮತ್ತೆ ಸೇರಿಸಿದ್ದು.

ಯಾವುದನ್ನೇ ಕೇಳುವ ಮೊದಲು ಮೂರರ ಸದ್ದನ್ನೂ ಒಂದೇ ಮಟ್ಟಕ್ಕೆ ತರಬೇಕು. ಉಜ್ಜಿದ ಪ್ರತಿ ಸರಾಸರಿ ಮೈನಸ್ 10 ಎಲ್‌ಯುಎಫ್‌ಎಸ್‌ನಲ್ಲಿತ್ತು, ಬರಿ ಪ್ರತಿ ಮೈನಸ್ 21ರಲ್ಲಿ (ಇದು ಸದ್ದಿನ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಹಾಗೇ ಕೇಳಿದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ, ಕಿವಿಯ ಗುಣವೇ ಅದು. ಮೂರನ್ನೂ ಮೈನಸ್ 21ಕ್ಕೆ ಇಳಿಸಿದ ಮೇಲೆ ಉಜ್ಜಿದ ಪ್ರತಿಯ ಹೊಳಪು ಮುಕ್ಕಾಲು ಪಾಲು ಹೋಯಿತು. ಆಮೇಲೂ ಹೆಸರು ನೋಡಿಕೊಂಡು ಕೇಳಬಾರದು. ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶಕ್ಕೆ ಎಬಿಎಕ್ಸ್ ಪರೀಕ್ಷೆಯ ಸೌಲಭ್ಯ ಸೇರಿಸಿಕೊಳ್ಳಬಹುದು: ಗುಟ್ಟಾಗಿ ಆರಿಸಿದ ಎಕ್ಸ್ ಎಂಬುದು ಎ, ಬಿ ಎರಡರಲ್ಲಿ ಯಾವುದು ಎಂದು ಕೇಳಿಯೇ ಗುರುತಿಸಬೇಕು. 16 ಸಲ ಕೇಳಿ ಕನಿಷ್ಠ 12 ಸಲ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ನಿಜಕ್ಕೂ ಕೇಳಿಸುತ್ತಿದೆ ಎನ್ನಬಹುದು. ಬರೀ ಊಹೆಯಿಂದ 12 ಮುಟ್ಟುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ.

ಈಗ ವೇಗದ ಮಾತು. ಮೂರು ಪ್ರತಿಗೂ ತಳಪಾಯ ಇದೇ. ಇಲ್ಲಿ ಎಡವಿದರೆ ಮುಂದೆ ಎಷ್ಟು ಪಾಲಿಶ್ ಹಾಕಿದರೂ ವ್ಯರ್ಥ.

ಬ್ಯಾಟರಿಯಲ್ಲಿ ಓಡುವ ರೆಕಾರ್ಡರ್‌ನಲ್ಲಿ ಬ್ಯಾಟರಿ ಇಳಿದಂತೆ ಮೋಟಾರು ನಿಧಾನವಾಗುತ್ತದೆ. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಹಾಡು ಬರಬರುತ್ತಾ ಏರುಶ್ರುತಿಗೆ ಹೋಗುತ್ತದೆ. ಇದನ್ನು ಅಳೆಯುವ ಗಜಕಡ್ಡಿ ಟೇಪಿನೊಳಗೇ ಇದೆ. ಉತ್ತರ ಅಮೆರಿಕದ ಕರೆಂಟು 60 ಹರ್ಟ್ಸ್; ವೇದಿಕೆಯ ಆಂಪ್ಲಿಫೈಯರ್‌ಗಳ ಗುಂಯ್‌ಗುಡುವ ಹಮ್ ಹಾಡು-ಹಾಡಿನ ನಡುವಿನ ಬಿಡುವಿನಲ್ಲಿ ಸಿಗುತ್ತದೆ. ನಮ್ಮ ಟೇಪಿನಲ್ಲಿ ಅದು ಆರಂಭದಲ್ಲಿ 60.3, ಬದಿ ಮುಗಿಯುವ ಹೊತ್ತಿಗೆ 61.2. ಅಂದರೆ ಕೊನೆಯಲ್ಲಿ ನೂರಕ್ಕೆ 2ರಷ್ಟು ಹೆಚ್ಚು ವೇಗ, ಶ್ರುತಿಯಲ್ಲಿ 34 ಸೆಂಟ್, ಹೆಚ್ಚುಕಡಿಮೆ ಅರ್ಧಸ್ವರದ ಮೂರನೇ ಒಂದು ಪಾಲು.

ಅಳೆಯುವಾಗ ಆಗುವ ತಪ್ಪೆಂದರೆ ಟೇಪಿನಿಂದ ಕಂಪ್ಯೂಟರಿಗೆ ತೆಗೆದ, ಸೆಕೆಂಡಿಗೆ 96 ಸಾವಿರ ಮಾದರಿಗಳ (96 ಕಿಲೋಹರ್ಟ್ಸ್) ಫೈಲಿನ ಮೇಲೇ ನೇರವಾಗಿ ಸ್ಪೆಕ್ಟ್ರಮ್ (ಯಾವ ಆವರ್ತನ ಎಷ್ಟಿದೆ ಎಂಬ ನಕ್ಷೆ) ನೋಡುವುದು. ಸದ್ದನ್ನು ಆವರ್ತನಗಳಾಗಿ ಬಿಡಿಸುವ, 65,536 ಮಾದರಿಗಳ ಎಫ್‌ಎಫ್‌ಟಿಯಲ್ಲೂ ಒಂದೊಂದು ಮನೆ ಸುಮಾರು ಒಂದೂವರೆ ಹರ್ಟ್ಸ್ ಅಗಲ, ಅದರಲ್ಲಿ 60.3 ಎಲ್ಲಿ ಕಂಡೀತು? ಅಳತೆಗೆಂದೇ ಒಂದು ನಕಲು ಮಾಡಿ, 1 ಕಿಲೋಹರ್ಟ್ಸ್‌ಗೆ ಇಳಿಸಿ, 16,384ರ ಎಫ್‌ಎಫ್‌ಟಿ ಹಾಕಿದರೆ 0.06 ಹರ್ಟ್ಸ್‌ವರೆಗೆ ಬಿಡಿಬಿಡಿಯಾಗಿ ಕಾಣುತ್ತದೆ. ಇದಕ್ಕೆ 16 ಸೆಕೆಂಡಿನ ತುಣುಕು ಬೇಕು. ಬೇಸ್ ಗಿಟಾರಿನ ಗದ್ದಲದಲ್ಲಿ 60 ಮುಚ್ಚಿಹೋದರೆ ಅದರ ಮೂರು ಪಟ್ಟಾದ 180ರ ಹತ್ತಿರ ನೋಡಿ, ಹಮ್ ಅಲ್ಲೂ ಇರುತ್ತದೆ, ಅಲ್ಲಿ ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಹ್ಯಾಮಂಡ್ ಆರ್ಗನ್ ಇನ್ನೊಂದು ಸಾಕ್ಷಿ. ಅದರ ಚಕ್ರಗಳನ್ನು ತಿರುಗಿಸುವ ಮೋಟಾರು ಕರೆಂಟಿನ ಆವರ್ತನಕ್ಕೇ ಕಟ್ಟುಬಿದ್ದಿರುವುದರಿಂದ ಶ್ರುತಿ ಆಚೀಚೆ ಆಗುವುದಿಲ್ಲ.

ಮೈಸೂರಿನಲ್ಲಿ ಟೇಪ್ ಹಾಕುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಟೇಪ್ ನುಡಿಸುವ ಡೆಕ್ ಮತ್ತು ಲ್ಯಾಪ್‌ಟಾಪ್ ಬೇರೆ ಬೇರೆ ಪ್ಲಗ್‌ನಲ್ಲಿದ್ದರೆ ಅರ್ತಿಂಗ್ ವ್ಯತ್ಯಾಸದಿಂದ 50, 100, 150ರಲ್ಲಿ ನಮ್ಮದೇ ಹಮ್ ಸೇರಿಕೊಳ್ಳುತ್ತದೆ. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದರೆ ಬಹುಪಾಲು ಹೋಗುತ್ತದೆ. ಉಳಿದ 50ನ್ನು ಮೊದಲೇ ತೆಗೆಯಿರಿ, 60ನ್ನು ಮಾತ್ರ ವೇಗ ತಿದ್ದುವ ತನಕ ಮುಟ್ಟಬೇಡಿ. ಮೊದಲ ಹೆಜ್ಜೆಯಲ್ಲೇ ಎಲ್ಲ ಹಮ್ಮನ್ನೂ ಗುಡಿಸಿ ಹಾಕಿದರೆ ಅಳೆಯಲು ಏನೂ ಉಳಿಯುವುದಿಲ್ಲ.

ತಿದ್ದುವುದಕ್ಕೆ ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದ ಟೈಮ್ ಟ್ರ್ಯಾಕ್ ಸಾಕು. ಐದೈದು ನಿಮಿಷಕ್ಕೊಂದು ಬಿಂದು ಇಟ್ಟು ವೇಗವನ್ನು ಮೆಲ್ಲಗೆ ಇಳಿಸಿಕೊಂಡು ಹೋಗಿ. ಶ್ರುತಿಯನ್ನಷ್ಟೇ ಬದಲಿಸುವ ಎಫೆಕ್ಟ್ ಬಳಸಬಾರದು: ಅದು ಸದ್ದನ್ನು ಚೂರು ಚೂರು ಮಾಡಿ ಜೋಡಿಸುತ್ತದೆ, ಡ್ರಮ್ಸ್ ಜತೆಗಿನ ತಾಳದಂಥ ಸಿಂಬಲ್‌ಗಳು ನಡುಗುತ್ತವೆ, ಕಾಲಾವಧಿಯೂ ಸರಿಹೋಗುವುದಿಲ್ಲ.

ಹೆಡ್‌ನ ಕೋನ, ಅಂದರೆ ಅಜಿಮತ್, ಟೇಪ್ ಓಡುತ್ತಿರುವಾಗಲೇ ಸರಿಮಾಡಬೇಕಾದದ್ದು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 10 ಕಿಲೋಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನ್‌ಗಿಂತ ಚಿಕ್ಕದು. ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಗಳು ಮಾಯ. ಎರಡು ಚಾನೆಲ್‌ಗಳನ್ನೂ ಮೊನೊ ಮಾಡಿ, ಹೆಡ್ ಪಕ್ಕದ ತಿರುಪನ್ನು ಮ್ಯಾಗ್ನೆಟ್ ಇಲ್ಲದ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸುತ್ತಾ, ಸಿಂಬಲ್ ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಎರಡನೇ ಬದಿಗೆ ಮತ್ತೆ ಹೊಸದಾಗಿ ಮಾಡಬೇಕು. ಇಷ್ಟರಿಂದ ಸಿಕ್ಕ ಸ್ಪಷ್ಟತೆ ಉಜ್ಜಿದ ಪ್ರತಿಯ ಈಕ್ಯೂನಿಂದ ಸಿಕ್ಕಿದ್ದಕ್ಕಿಂತ ಹೆಚ್ಚು. ಈಕ್ಯೂ 8 ಕಿಲೋಹರ್ಟ್ಸ್ ಎತ್ತಿದಾಗ ಹಿಸ್ ಕೂಡ ಎದ್ದು ಬರುತ್ತದೆ, ತಿರುಪು ಸರಿಮಾಡಿದಾಗ ಬರುವುದು ಸಂಗೀತ ಮಾತ್ರ. ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಅದನ್ನು ಒರೆಸದೆ ಡೆಕ್‌ಗೆ ಹಾಕಲೇಬೇಡಿ. ಮಂಡ್ಯದ ನಾಲೆ ಬದಿಯ ಮನೆಗಳಲ್ಲಂತೂ ಇದು ಮಾಮೂಲು.

ಮೂರು ಪ್ರತಿಗಳ ನಿಜವಾದ ಗುಣ ಹೊರಬಿದ್ದದ್ದು ಪಟಾಕಿಯ ಜಾಗದಲ್ಲಿ. ಮೊದಲ ಭಾಗದಲ್ಲಿ ‘ಅನಿಮಲ್ಸ್’ ಆಲ್ಬಮ್ ಪೂರ್ತಿ ನುಡಿಸಿದ್ದರು. ಅದರಲ್ಲಿ ವಾಟರ್ಸ್ ಒಬ್ಬರೇ ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡುವ ಪುಟ್ಟ ಹಾಡಿನ ಹೊತ್ತಿಗೆ ಜನ ಪಟಾಕಿ ಸಿಡಿಸುತ್ತಾರೆ. ಅವರು ಹಾಡು ನಿಲ್ಲಿಸಿ ಬೈಯುತ್ತಾರೆ. ಬರಿ ಪ್ರತಿಯಲ್ಲಿ ಪಟಾಕಿ ಚಟ್ಟೆಂದು ಸಿಡಿಯುತ್ತದೆ, ಹಿಂದೆಯೇ ಸ್ಟೇಡಿಯಂನ ಮಾರ್ದನಿ ಉರುಳಿ ಬರುತ್ತದೆ, ಹಾಡು ನಿಲ್ಲುವ ತನಕ ಗಿಟಾರ್ ಅದರಡಿಯಲ್ಲಿ ಎಡೆಬಿಡದೆ ಕೇಳುತ್ತಿರುತ್ತದೆ. ಉಜ್ಜಿದ ಪ್ರತಿಯಲ್ಲಿ ಕ್ಲಿಕ್ ಫಿಲ್ಟರ್ ಅದನ್ನು ಟೇಪಿನ ಗೀರು ಎಂದುಕೊಂಡು ತುದಿ ಕತ್ತರಿಸಿತು. ಉಳಿದದ್ದು ದಿಂಬಿಗೆ ಗುದ್ದಿದಂಥ ಧಬ್ ಸದ್ದು. ಫಿಲ್ಟರ್ ತಪ್ಪಿಸಿ ಬಂದ ಪಟಾಕಿಗಳಿಗೆ ಲಿಮಿಟರ್ ಹೆದರಿ, ಹಾಡನ್ನೇ ಕಾಲು ಸೆಕೆಂಡು ಅದುಮಿ ಹಿಡಿಯಿತು, ವಾಟರ್ಸ್ ಧ್ವನಿ ನುಂಗಿದಂತಾಯಿತು. ಬಿಡಿಸಿದ ಪ್ರತಿಯಲ್ಲಿ ಪಟಾಕಿ ಡ್ರಮ್ಸ್ ಎಳೆಗೆ ಹೋಗಿ ಕೂತಿತ್ತು. ಡ್ರಮ್ಸ್ 3 ಡೆಸಿಬೆಲ್ ಎತ್ತಿದ್ದರಿಂದ ಪಟಾಕಿಯೂ ಎತ್ತಿತು. ಆ ಎಳೆ ಮುಚ್ಚಿದರೆ ಪಟಾಕಿಯೇನೋ ಹೋಗುತ್ತದೆ. ಆದರೆ ಪಟಾಕಿಯೇ ಇಲ್ಲದೆ ಆ ಮನುಷ್ಯ ಯಾಕೆ ಸಿಟ್ಟಾದ ಎಂಬುದೇ ತಿಳಿಯದು. ಅಂದಿನ ರಾತ್ರಿಯ ಕಥೆಯೇ ಆ ಸಿಟ್ಟು. ಅದನ್ನು ಅಳಿಸಿದ ರೀಮಾಸ್ಟರ್ ನಮಗೆ ಬೇಡ.

ಬಿಡಿಸಿದ ಪ್ರತಿಯ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಕಾಂಕ್ರೀಟಿನ ಗುಮುಗುಮು ನಾದದಲ್ಲಿ ಮುಳುಗಿದ್ದ ಬೇಸ್ ಗಿಟಾರಿನ ಒಂದೊಂದು ಮೀಟೂ ಅದರಲ್ಲಿ ತಿಳಿಯುತ್ತದೆ. ಉಳಿದೆರಡರಲ್ಲಿ ಹಾಗಿಲ್ಲ. ತೊಂದರೆ ಬರುವುದು ಗಾಯನದಲ್ಲಿ. ಇಂಥ ತಂತ್ರಾಂಶಗಳು ಕಲಿತಿರುವುದು ಬಹುಪಾಲು ಸ್ಟುಡಿಯೋ ಹಾಡುಗಳಿಂದ. ಸಾವಿರಾರು ಜನರ ಕೇಕೆ ಅವಕ್ಕೆ ಹೊಸದು. ಶಿಳ್ಳೆ ಗಾಯನಕ್ಕೆ ಹೋಗುತ್ತದೆ, ಚಪ್ಪಾಳೆ ಅರ್ಧ ಡ್ರಮ್ಸ್‌ಗೆ, ಅರ್ಧ ಮಿಕ್ಕಿದ್ದಕ್ಕೆ ಹಂಚಿಹೋಗುತ್ತದೆ. ಧ್ವನಿ ಒಂದು ಎಳೆಯಲ್ಲಿ, ಅದರ ಮಾರ್ದನಿ ಇನ್ನೊಂದರಲ್ಲಿ. ಗಾಯನವನ್ನು 4 ಡೆಸಿಬೆಲ್ ಎತ್ತಿದಾಗ ವಾಟರ್ಸ್ ಕಿವಿ ಪಕ್ಕದಲ್ಲಿ ನಿಂತು ಹಾಡಿದಂತೆ, ಅವರ ಮಾರ್ದನಿ ಮಾತ್ರ ದೂರದ ಯಾರದೋ ಎಂಬಂತೆ ಕೇಳುತ್ತದೆ. 2 ಡೆಸಿಬೆಲ್ ಒಳಗೆ ನಿಲ್ಲಿಸಿದರೆ ಈ ಬಿರುಕು ಕಾಣುವುದಿಲ್ಲ.

ಆ ಮಾರ್ದನಿಯನ್ನು ಕಳೆಯಬೇಕೇ ಎಂಬುದೇ ಇಲ್ಲಿ ಮುಖ್ಯ. 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಆ ಸ್ಟೇಡಿಯಂಗೆ ಚಾವಣಿ ಬಂದದ್ದು 1987ರಲ್ಲಿ. ಅಂದು ನೆತ್ತಿ ತೆರೆದಿತ್ತು, ಸುತ್ತ ಕಾಂಕ್ರೀಟು. 150 ಮೀಟರ್ ದೂರದ ಗ್ಯಾಲರಿಗೆ ಬಡಿದು ಮರಳುವ ಸದ್ದಿಗೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚೇ ಬೇಕು. ಮಹಾರಾಜ ಕಾಲೇಜು ಮೈದಾನದ ಯುವ ದಸರಾದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕೇಳಿದವರಿಗೆ ಗೊತ್ತು, ಡ್ರಮ್ಮಿನ ಏಟು ಕಣ್ಣಿಗೆ ಮೊದಲು, ಎದೆಗೆ ಆಮೇಲೆ. ಆ ದೂರವೂ ಸಂಗೀತದ ಒಂದು ಭಾಗ. ಟೇಪಿನ ತಪ್ಪನ್ನು ತಿದ್ದಬೇಕು, ಸ್ಟೇಡಿಯಂನ ಸ್ವಭಾವವನ್ನಲ್ಲ ಎಂಬುದು ನಮ್ಮ ಗಟ್ಟಿ ನಿಲುವು. ಬರಿ ಪ್ರತಿಗೆ ನಾವು ಕೊನೆಗೆ ಸೇರಿಸಿದ್ದು ಎರಡೇ: 250ರಿಂದ 400 ಹರ್ಟ್ಸ್ ನಡುವೆ 3 ಡೆಸಿಬೆಲ್ ಅಗಲವಾದ ಇಳಿತ, 30 ಹರ್ಟ್ಸ್ ಕೆಳಗಿನದಕ್ಕೆ ಕತ್ತರಿ.

ಹಿಸ್ ವಿಚಾರದಲ್ಲಿ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೀಲಿಂಗ್ ಫ್ಯಾನ್ ತಿರುಗುತ್ತಿರುವ ಹಾಲ್‌ನಲ್ಲಿ ಸ್ಪೀಕರಿನಿಂದ ಕೇಳುವಾಗ ಅದು ಫ್ಯಾನಿನ ಸದ್ದಿನಲ್ಲೇ ಮುಚ್ಚಿಹೋಗುತ್ತದೆ. ಹೆಡ್‌ಫೋನಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ಅದಕ್ಕೆ 4ರಿಂದ 6 ಡೆಸಿಬೆಲ್ ಇಳಿಸಿದರೆ ಸಾಕು. 12 ಇಳಿಸಿದಾಗ ಗಿಟಾರಿನ ತಂತಿ ಮೀಟಿದ ನಂತರದ ಬಾಲ ನೀರಿನೊಳಗೆ ಮುಳುಗಿದಂತೆ ಗುಳುಗುಳು ಎನ್ನತೊಡಗಿತು. ಉಜ್ಜಿದ ಪ್ರತಿ ಗೆದ್ದದ್ದು ಒಂದೇ ಕಡೆ, ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಕಾರಿನೊಳಗೆ. ಟೈರಿನ ಸದ್ದಿನಲ್ಲಿ ಬರಿ ಪ್ರತಿಯ ಮೆಲುದನಿಯ ಭಾಗಗಳು ಕಳೆದೇಹೋಗುತ್ತವೆ. ಕಾರಿಗೆಂದೇ ಪ್ರತ್ಯೇಕ ಪ್ರತಿ ಮಾಡಿಕೊಳ್ಳುವವರು ಲಿಮಿಟರ್ ಹಾಕಿ ಮೈನಸ್ 14ರಲ್ಲಿ ನಿಲ್ಲಿಸಿ, 10ರವರೆಗೆ ಹೋಗಬೇಡಿ.

ಇನ್ನು ಕ್ಯಾಸೆಟ್ ಬದಿ ತಿರುಗಿಸಿದ ಜಾಗ. 90 ನಿಮಿಷದ ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ, ಕಾರ್ಯಕ್ರಮದ ಮೊದಲ ಭಾಗ ಅದಕ್ಕಿಂತ ಉದ್ದ. ಹಾಗಾಗಿ ಹಾಡಿನ ನಡುವೆಯೇ ಒಂದು ಕಂದಕ ಬೀಳುತ್ತದೆ. ಬೇರೆಯವರ ರೆಕಾರ್ಡಿಂಗಿನಿಂದ ತುಂಬಿಸುವುದಾದರೆ ಆ ತುಣುಕಿನ ವೇಗವನ್ನೂ ಅದೇ 60 ಹರ್ಟ್ಸ್‌ಗೆ ತಂದು, ಮೂಲದ ಮಂದ ಸದ್ದಿಗೆ ಹೊಂದುವಂತೆ ಈಕ್ಯೂ ಮಾಡಿ, ಅಂಚುಗಳನ್ನು ಅರ್ಧ ಸೆಕೆಂಡು ಮಾತ್ರ ಒಂದರ ಮೇಲೊಂದು ಹಾಯಿಸಿ. ಹೆಚ್ಚು ಹೊತ್ತು ಎರಡನ್ನೂ ಒಟ್ಟಿಗೆ ಓಡಿಸಿದರೆ ಒಂದು ಮಿಲಿಸೆಕೆಂಡ್ ಆಚೀಚೆ ಆದರೂ 500 ಹರ್ಟ್ಸ್‌ನಲ್ಲಿ ಸದ್ದು ಪರಸ್ಪರ ಕಡಿದುಕೊಂಡು ಟೊಳ್ಳಾಗುತ್ತದೆ. ತೇಪೆ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂಬುದನ್ನು ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲುಗಳ ಜತೆಗಿನ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಏನನ್ನೂ ತಿದ್ದದ 24 ಬಿಟ್, 96 ಕಿಲೋಹರ್ಟ್ಸ್ ಮೂಲ ವರ್ಗಾವಣೆಯನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ.