ಎಣ್ಣೆ ಇಲ್ಲ, ಅದುಮುವುದಿಲ್ಲ: ಊದಿದ ಕೈಗೆ ಲಿಂಫ್ ಡ್ರೈನೇಜ್

ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ಕೈ ಊದಿಕೊಂಡವರಿಗೆ, ಅವರ ಮನೆಯವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಮ್ಯಾನ್ಯುಯಲ್ ಲಿಂಫ್ ಡ್ರೈನೇಜ್ ಅಂತ, ಚರ್ಮದ ಮೇಲೆ ಹಗುರವಾಗಿ ಕೈ ಆಡಿಸಿ ಊತದ ನೀರನ್ನು ಸರಿಸುವ ಒಂದು ಚಿಕಿತ್ಸೆ ಇದೆ. ಚಿಕ್ಕದಾಗಿ ಎಂಎಲ್‌ಡಿ ಅಂತಾರೆ. ಮೈಸೂರಿನ ಕುವೆಂಪುನಗರದ ಕಡೆ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಮಾಡಿಸಿಕೊಂಡೆ. ನನಗೆ ತುಂಬಾ ಅನುಕೂಲ ಆಗಿದೆ. ಆದರೆ ಇದೇ ಹೆಸರಿನಲ್ಲಿ ಬೇರೆ ಏನೇನೋ ಮಾರುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸ್ ಕೆಲಸವೇ ಜಾಸ್ತಿ. ನನಗೆ ಎಡಗಡೆ ಸ್ತನ ತೆಗೆದರು, ಕಂಕುಳಿನ ಲಿಂಫ್ ಗಂಟುಗಳನ್ನೂ (ಎಲ್ಲರ ಮೈಯಲ್ಲೂ ಇರುವ ಸಣ್ಣ ಗ್ರಂಥಿಗಳು) ತೆಗೆದರು, ಆಮೇಲೆ ರೇಡಿಯೇಷನ್ ಕೊಟ್ಟರು. ಎಲ್ಲಾ ಮುಗಿದು ವರ್ಷದ ಮೇಲಾಗಿತ್ತು. ಆಗ ಬ್ಲೌಸಿನ ಎಡಗಡೆ ತೋಳು ಬಿಗಿಯಾಗೋಕೆ ಶುರುವಾಯಿತು. ನನ್ನ ಅಳತೆ ನನಗೆ ಬಾಯಿಪಾಠ, ಹೊಲಿಗೆ ತಪ್ಪಿರಲಿಲ್ಲ. ಬೆಳಿಗ್ಗೆ ಸರಿ ಇರುತ್ತಿದ್ದ ಕೈ ಸಂಜೆ ಹೊತ್ತಿಗೆ ಭಾರ ಆಗುತ್ತಿತ್ತು. ಬಳೆ ಮಣಿಕಟ್ಟಿನಲ್ಲಿ ಗುರುತು ಬಿಡುತ್ತಿತ್ತು. ಮಷಿನ್ ಮೇಲೆ ಬಟ್ಟೆ ಹಿಡಿದು ಮುಂದೆ ಬಿಡುವುದು ಎಡಗೈ ಕೆಲಸ ಅಲ್ವಾ, ಅದೇ ಸೋಲುತ್ತಿತ್ತು. ಭುಜದಿಂದ ಮೊಣಕೈವರೆಗೆ ಒಳಗೊಳಗೇ ಎಳೆತ. ರಾತ್ರಿ ಯಾವ ಮಗ್ಗುಲಿಗೆ ಮಲಗಿದರೂ ನಿದ್ದೆ ಇಲ್ಲ. ಕಾಯಿಲೆ ಮತ್ತೆ ಬಂತೇನೋ ಅನ್ನುವ ಭಯ ಬೇರೆ.

ಡಾಕ್ಟರ್ ಪರೀಕ್ಷೆ ಮಾಡಿ ಕ್ಯಾನ್ಸರ್ ಅಲ್ಲ, ಲಿಂಫೆಡಿಮಾ ಅಂದರು. ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಗೆ ಲಿಂಫ್ ನಾಳಗಳೂ ಇವೆ. ಅಲ್ಲಲ್ಲಿ ಉಳಿದ ನೀರು, ಪ್ರೋಟೀನ್ ಎಲ್ಲವನ್ನೂ ಎತ್ತಿಕೊಂಡು ಕತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಕೈಯಿಂದ ಬರುವ ದಾರಿ ಕಂಕುಳಿನ ಗಂಟುಗಳ ಮೂಲಕ ಹೋಗುತ್ತದೆ. ಗಂಟು ತೆಗೆದರೆ, ರೇಡಿಯೇಷನ್‌ನಿಂದ ಆ ಜಾಗ ಗಟ್ಟಿಯಾದರೆ, ದಾರಿ ಕಟ್ಟಿದ ಹಾಗೆಯೇ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಕೆಲವೊಮ್ಮೆ ವರ್ಷಗಳ ಮೇಲೂ ಆಗಬಹುದು. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಇಷ್ಟನ್ನು ಆಪರೇಷನ್‌ಗೆ ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಅಷ್ಟು ದಿನ ಹೆದರಿಕೊಂಡು ಇರುತ್ತಿರಲಿಲ್ಲ. ಈ ಬೇಸರ ನನಗೆ ಇನ್ನೂ ಇದೆ.

ಕ್ಲಿನಿಕ್ ಸಿಗುವ ಮೊದಲು, ಗುರುತಿನವರು ಹೇಳಿದ ಒಂದು ಮಸಾಜ್ ಕೇಂದ್ರಕ್ಕೆ ಹೋಗಿದ್ದೆ. ಆಪರೇಷನ್ ವಿಷಯ ಬಿಡಿಸಿ ಹೇಳಿದ್ದೆ. ಆದರೂ ಬಿಸಿ ಎಣ್ಣೆ ಹಾಕಿ ಮಣಿಕಟ್ಟಿನಿಂದ ಭುಜದ ತನಕ ಬಲವಾಗಿ ತಿಕ್ಕಿದರು. ಮಾರನೆಯ ದಿನ ಕೈ ಇನ್ನೂ ದಪ್ಪ ಆಗಿತ್ತು. ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಜೋರಾಗಿ ತಿಕ್ಕಿದರೆ, ಬಿಸಿ ಕೊಟ್ಟರೆ ಆ ಜಾಗಕ್ಕೆ ರಕ್ತ ಜಾಸ್ತಿ ಹರಿದು ಬರುತ್ತದೆ. ಅದರಿಂದ ಇನ್ನಷ್ಟು ನೀರು ಜಿನುಗುತ್ತದೆ. ಹೊರಗೆ ಹೋಗುವ ದಾರಿಯೇ ಕಟ್ಟಿರುವಾಗ ಆ ನೀರು ಎಲ್ಲಿಗೆ ಹೋಗಬೇಕು? ನಮ್ಮ ಕಡೆ ನೋವು ಅಂದ ಕೂಡಲೇ ಎಣ್ಣೆ ಹಚ್ಚಿ ನೀವುವುದು ರೂಢಿ. ಬೇರೆ ನೋವಿಗೆ ಅದು ಒಳ್ಳೆಯದೇ. ಈ ಊತಕ್ಕೆ ಮಾತ್ರ ಬೇಡವೇ ಬೇಡ.

ಈಗ ಕ್ಲಿನಿಕ್ ವಿಷಯ. ಮೊದಲ ದಿನ ಥೆರಪಿಸ್ಟ್ ಮೇಡಂ ಕೈ ಮುಟ್ಟುವ ಮೊದಲು ಡಿಸ್ಚಾರ್ಜ್ ಕಾಗದ ನೋಡಿದರು. ಕಾಲು ಊತ, ಉಬ್ಬಸ, ಹೃದಯದ ತೊಂದರೆ, ಜ್ವರ ಎಲ್ಲಾ ಕೇಳಿದರು. ಆಮೇಲೆ ಟೇಪ್ ತೆಗೆದರು. ಅದು ನನಗೆ ಬಹಳ ಹಿಡಿಸಿತು. ಮಣಿಕಟ್ಟಿನಿಂದ ಶುರು ಮಾಡಿ ಮೇಲಕ್ಕೆ ಒಂದೇ ಅಂತರದಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟರು. ಪ್ರತಿ ಚುಕ್ಕೆಯಲ್ಲೂ ಟೇಪ್ ಸುತ್ತಿದರು. ಎಳೆಯಲಿಲ್ಲ, ಸಡಿಲವೂ ಬಿಡಲಿಲ್ಲ. ಒಳ್ಳೆ ಕಟಿಂಗ್ ಮಾಸ್ಟರ್ ಅಳತೆ ತೆಗೆಯುವುದು ಹಾಗೆಯೇ. ಬಲಗೈಯನ್ನೂ ಅಳೆದು ಪಕ್ಕಪಕ್ಕದಲ್ಲಿ ಬರೆದರು. ಮೊಣಕೈ ಮೇಲಿನ ಒಂದು ಚುಕ್ಕೆಯಲ್ಲಿ ಎರಡು ಕೈಗೂ 3.5 ಸೆಂಟಿಮೀಟರ್ ವ್ಯತ್ಯಾಸ ಇತ್ತು. 2 ಸೆಂಟಿಮೀಟರ್ ದಾಟಿದರೆ ಲಿಂಫೆಡಿಮಾ ಅಂತ ಹಿಡಿಯುವ ರೂಢಿ ಇದೆ ಅಂದರು. ಬೆರಳಿನಿಂದ ಒಂದು ಕಡೆ ಒತ್ತಿ ಹಿಡಿದು ಬಿಟ್ಟರು. ಗುಳಿ ಬಿದ್ದದ್ದು ಕೂಡಲೇ ಏಳಲಿಲ್ಲ. "ಇನ್ನೂ ಮೆತ್ತಗಿದೆ ಅಮ್ಮಾ, ಇಳಿಯುತ್ತೆ. ಗಟ್ಟಿಯಾಗೋಕೆ ಬಿಡಬಾರದು ಅಷ್ಟೇ" ಅಂದರು.

ಚಿಕಿತ್ಸೆ ನಡೆಯುವುದು ಹೀಗೆ. ಬೆನ್ನ ಮೇಲೆ ಮಲಗಿಸಿ ಕೈ ಕೆಳಗೆ ದಿಂಬು ಇಡುತ್ತಾರೆ. ಮೊದಲು ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳಿ ಅನ್ನುತ್ತಾರೆ. ಊದಿದ ಕೈಯನ್ನು ಎಷ್ಟೋ ಹೊತ್ತು ಮುಟ್ಟುವುದೇ ಇಲ್ಲ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳನ್ನು ಚಪ್ಪಟೆಯಾಗಿ ಇಟ್ಟು ಚರ್ಮವನ್ನು ನಿಧಾನ ಸುತ್ತಿಸುತ್ತಾರೆ. ಆಮೇಲೆ ಬಲಗಡೆ ಕಂಕುಳು. ಆಮೇಲೆ ಎಡಗಡೆಯ ತೊಡೆಸಂದು. ಆಮೇಲೆ ಎದೆಯ ಮೇಲೆ ಎಡದಿಂದ ಬಲಕ್ಕೆ, ಪಕ್ಕೆಯಲ್ಲಿ ಮೇಲಿಂದ ಕೆಳಕ್ಕೆ. "ಊದಿರೋದು ಕೈ ಅಲ್ವಾ ಮೇಡಂ?" ಅಂತ ನಾನು ಕೇಳಿದೆ. ಕಾಲುವೆಯ ಮುಂದಿನ ಬಾಯಿ ಬಿಡಿಸದೆ ಹಿಂದಿನಿಂದ ನೀರು ಬಿಟ್ಟರೆ ಹೊಲವೆಲ್ಲ ಕೆಸರಾಗುವುದಿಲ್ಲವೇ, ಇದೂ ಹಾಗೆಯೇ ಅಂದರು. ಕಟ್ಟಿದ ಎಡ ಕಂಕುಳನ್ನು ಬಿಟ್ಟು, ಚೆನ್ನಾಗಿರುವ ಬಲ ಕಂಕುಳು, ತೊಡೆಸಂದಿನ ಕಡೆಗೆ ನೀರನ್ನು ತಿರುಗಿಸುವುದೇ ಇದರ ಉಪಾಯ. ಕೈಗೆ ಬಂದಮೇಲೂ ಮೊದಲು ತೋಳು, ಆಮೇಲೆ ಮುಂಗೈ, ಕಡೆಗೆ ಬೆರಳು.

ಎಣ್ಣೆ, ಕ್ರೀಮ್ ಏನೂ ಇಲ್ಲ. ಎಣ್ಣೆ ಇದ್ದರೆ ಕೈ ಜಾರುತ್ತದೆ. ಇಲ್ಲಿ ಕೈ ಜಾರಬಾರದು, ಚರ್ಮವನ್ನು ಜೊತೆಗೇ ಕರೆದುಕೊಂಡು ಹೋಗಬೇಕು. ಮೇಲ್ಮೈಯ ಲಿಂಫ್ ನಾಳಗಳು ಚರ್ಮದ ಕೆಳಗೇ ಇರುವುದರಿಂದ ಬಲ ಬೇಕಾಗಿಲ್ಲ. ಚರ್ಮವನ್ನು ಸ್ವಲ್ಪ ಹಿಗ್ಗಿಸುತ್ತಾರೆ, ಬಿಡುತ್ತಾರೆ, ಅದು ತಾನಾಗಿ ವಾಪಸು ಬರುವತನಕ ಕಾಯುತ್ತಾರೆ. ಮತ್ತೆ ಅದೇ. ಅಷ್ಟು ಹಗುರ ಕೈಯಲ್ಲಿ ಏನಾದೀತು ಅಂತ ಮೊದಲ ದಿನ ಯಾರಿಗಾದರೂ ಅನ್ನಿಸುತ್ತದೆ. ನಾನಂತೂ ಅರ್ಧದಲ್ಲೇ ನಿದ್ದೆ ಹೋದೆ. ಆಪರೇಷನ್ ಆದಾಗಿನಿಂದ ಆ ಕೈ ಮುಟ್ಟಿದವರೆಲ್ಲ ಪರೀಕ್ಷೆ ಮಾಡೋಕೆ, ಡ್ರೆಸ್ಸಿಂಗ್ ಮಾಡೋಕೆ ಮುಟ್ಟಿದವರೇ. ನಾನೂ ಅದನ್ನು ಯಾರದೋ ಕೈ ಅನ್ನುವ ಹಾಗೆ ಪಕ್ಕಕ್ಕೆ ಇಟ್ಟುಕೊಂಡು ಓಡಾಡುತ್ತಿದ್ದೆ. ಮುಕ್ಕಾಲು ಗಂಟೆ ಯಾವ ಅವಸರವೂ ಇಲ್ಲದೆ ಒಬ್ಬರು ಅದನ್ನು ಜೋಪಾನವಾಗಿ ಹಿಡಿದದ್ದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಎಳೆತ ಅವತ್ತೇ ಕಡಿಮೆ ಆಯಿತು. ರಾತ್ರಿ ಚೆನ್ನಾಗಿ ಮಲಗಿದೆ.

ಊತ ಮಾತ್ರ ಬರೀ ಹೀಗೆ ಕೈ ಆಡಿಸುವುದರಿಂದ ಇಳಿಯಲಿಲ್ಲ, ಇಳಿಯುವುದೂ ಇಲ್ಲ, ಜೊತೆಗೆ ಬ್ಯಾಂಡೇಜ್ ಬೇಕು. ಇದನ್ನು ಮೇಡಂ ಮೊದಲೇ ಹೇಳಿದ್ದರು. ಈ ವಿಧಾನ ಶುರು ಮಾಡಿದವರು ಡೆನ್ಮಾರ್ಕ್‌ನ ಎಮಿಲ್ ಮತ್ತು ಎಸ್ಟ್ರಿಡ್ ವೋಡರ್ ದಂಪತಿ. 1930ರ ದಶಕದಲ್ಲಿ ಫ್ರಾನ್ಸ್‌ನ ಕಾನ್‌ನಲ್ಲಿ ಕೆಲಸ ಮಾಡುತ್ತಿದ್ದರು. ನೆಗಡಿ, ಸೈನಸ್ ಬಿಡದೆ ಕಾಡುತ್ತಿದ್ದ ರೋಗಿಗಳ ಕತ್ತಿನಲ್ಲಿ ಊದಿದ ಗಂಟುಗಳ ಮೇಲೆ ಹೀಗೆ ಹಗುರವಾಗಿ ಕೈ ಆಡಿಸಿ ನೋಡಿದರು. ಆ ಕಾಲದಲ್ಲಿ ಲಿಂಫ್ ಗಂಟುಗಳನ್ನು ಮುಟ್ಟಬಾರದು ಅನ್ನುವುದೇ ನಿಯಮ. 1936ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಎಲ್ಲರ ಮುಂದೆ ಇಟ್ಟರು. ಆಮೇಲೆ ಜರ್ಮನಿಯಲ್ಲಿ ಫೋಲ್ಡಿ ದಂಪತಿ ಇದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ಲಿಂಫೆಡಿಮಾಗೆ ಒಂದು ಪೂರ್ತಿ ಪದ್ಧತಿ ಮಾಡಿದರು. ನನ್ನ ಮಗಳು ಬೇರೆ ಬೇರೆ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2015ರ ವರದಿ ಓದಿ ಹೇಳಿದಳು. ಸ್ತನ ಕ್ಯಾನ್ಸರ್ ಆದವರ ಕೈ ಊತಕ್ಕೆ ಎಂಎಲ್‌ಡಿ ಸುರಕ್ಷಿತ, ಬ್ಯಾಂಡೇಜ್ ಜೊತೆ ಸೇರಿಸಿದರೆ ಊತ ಸ್ವಲ್ಪ ಜಾಸ್ತಿ ಇಳಿಯಬಹುದು, ಊತ ಇನ್ನೂ ಕಡಿಮೆ ಇರುವವರಿಗೆ ಪ್ರಯೋಜನ ಹೆಚ್ಚು ಅಂತ ಅದರಲ್ಲಿ ಇದೆಯಂತೆ. ನನಗೆ ಆದದ್ದೂ ಹಾಗೆಯೇ. ಬೇಗ ಹೋಗಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬ್ಯಾಂಡೇಜ್ ದಿನಗಳು ಕಷ್ಟದವು, ಮುಚ್ಚುಮರೆ ಮಾಡುವುದಿಲ್ಲ. ಬೆರಳಿಗೆ ಒಂದು ಪಟ್ಟಿ, ಕೈಗೆ ಮೆತ್ತನೆ ಸ್ಪಾಂಜ್ ಥರದ್ದು, ಅದರ ಮೇಲೆ ಜಾಸ್ತಿ ಹಿಗ್ಗದ ಬ್ಯಾಂಡೇಜ್ ಪದರ ಪದರವಾಗಿ. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಒಳಗೆಲ್ಲ ಬೆವರು, ಕಡಿತ. ಕತ್ತರಿ ಹಿಡಿಯಬಹುದು, ಕಾಜಾ ಮಾಡೋಕೆ ಆಗುವುದಿಲ್ಲ. ಆ ವಾರಗಳಲ್ಲಿ ಫಾಲ್ಸ್, ಹೆಮ್ಮಿಂಗ್ ಕೆಲಸ ಬೇರೆಯವರಿಗೆ ಕೊಟ್ಟುಬಿಟ್ಟೆ. ಆದರೆ ಟೇಪ್ ಸುಳ್ಳು ಹೇಳುವುದಿಲ್ಲ. ಬ್ಯಾಂಡೇಜ್ ಬಿಚ್ಚಿ ಅಳೆದಾಗ ಆ ಚುಕ್ಕೆಯಲ್ಲಿ ವ್ಯತ್ಯಾಸ 1.5 ಸೆಂಟಿಮೀಟರ್‌ಗೆ ಬಂದಿತ್ತು. ಪೂರ್ತಿ ಸಮ ಆಗಿಲ್ಲ. ನನಗೆ ಇಷ್ಟು ಸಾಕು, ಮಷಿನ್ ಮೇಲೆ ಮೊದಲಿನ ಹಾಗೆ ಕೂರುತ್ತಿದ್ದೇನೆ.

ಊತ ಇಳಿದಮೇಲೆ ಅದನ್ನು ಅಲ್ಲೇ ನಿಲ್ಲಿಸೋಕೆ ಕಂಪ್ರೆಷನ್ ಸ್ಲೀವ್. ಇದು ಹಗಲೆಲ್ಲ ಹಾಕಿಕೊಳ್ಳುವ ಬಿಗಿ ತೋಳು. ಹೊಲಿಗೆಯವಳಾಗಿ ಇದನ್ನು ತಿರುವಿ ತಿರುವಿ ನೋಡಿದೆ. ಎರಡು ಥರ ಬರುತ್ತದೆ. ಒಂದು ಕೊಳವೆಯ ಹಾಗೆ ಸುತ್ತಿ ಹೆಣೆದದ್ದು, ಹೊಲಿಗೆಯೇ ಇರುವುದಿಲ್ಲ, ತೆಳು. ಇನ್ನೊಂದು ಚಪ್ಪಟೆಯಾಗಿ ಹೆಣೆದು ಆಮೇಲೆ ಉದ್ದಕ್ಕೆ ಜೋಡಿಸಿದ್ದು. ಇದನ್ನು ಅಳತೆಗೆ ಸರಿಯಾಗಿ ಮಾಡಿಸಬಹುದು, ಕೈ ಆಕಾರ ಕೆಟ್ಟವರಿಗೆ ಇದೇ ವಾಸಿ, ಆದರೆ ದುಬಾರಿ. ನನಗೆ ಮೊದಲನೆಯದೇ ಆಯಿತು. ಕ್ಲಾಸ್ 2, ಅಂದರೆ 23ರಿಂದ 32 ಎಂಎಂ ಪಾದರಸ (ಬಿಪಿ ಅಳೆಯುವ ಲೆಕ್ಕವೇ) ಒತ್ತಡದ್ದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಏರಿಸಿದರೆ ಸುಲಭವಾಗಿ ಹತ್ತುತ್ತದೆ. ನೆರಿಗೆ ಒಂದೂ ಉಳಿಯಬಾರದು. ಮೇಲಿನ ಅಂಚನ್ನು ಮಡಚಬಾರದು, ಮಡಚಿದರೆ ಅಲ್ಲಿ ಎರಡರಷ್ಟು ಬಿಗಿಯುತ್ತದೆ.

ಖರ್ಚು. ಒಂದು ಸಲದ ಚಿಕಿತ್ಸೆಗೆ 900 ರೂಪಾಯಿ. ಬ್ಯಾಂಡೇಜ್ ಸಾಮಾನು ಬೇರೆ. ಸ್ಲೀವ್‌ಗೆ 4,000ದ ಹತ್ತಿರ. ಒಗೆದು ಒಣಗಿಸೋಕೆ ಎರಡು ಬೇಕು, ಆರು ತಿಂಗಳಿಗೆಲ್ಲ ಬಿಗಿ ಹೋಗುತ್ತದೆ. ನನ್ನ ಇನ್ಶೂರೆನ್ಸ್‌ನಲ್ಲಿ ಒಂದು ಪೈಸೆ ಬರಲಿಲ್ಲ. ಆಪರೇಷನ್‌ಗೆ ಲಕ್ಷಗಟ್ಟಲೆ ಕೊಡುತ್ತಾರೆ, ಅದರಿಂದ ಬಂದ ಊತಕ್ಕೆ ಒಂದು ತೋಳು ಕೊಡುವುದಿಲ್ಲ. ಇದು ಅನ್ಯಾಯ. ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ವಯಸ್ಸಾದವರಿಗೆ ತೊಂದರೆ. ಸಂಜೆ ಹೊತ್ತಿಗೆ ಸಮಯ ಸಿಗುವುದೂ ಕಷ್ಟ. ಆದರೆ ಮೇಡಂ ತಮ್ಮ ಕಡೆ ಮತ್ತೆ ಮತ್ತೆ ಬರಲಿ ಅಂತ ಎಳೆಯಲಿಲ್ಲ. ಮನೆಯಲ್ಲೇ ನಾನೇ ಮಾಡಿಕೊಳ್ಳುವ ಸರಳ ರೀತಿ ಕಲಿಸಿದರು. ಬೆನ್ನಿನ ಭಾಗ ನನಗೆ ಎಟುಕದ್ದರಿಂದ ಸೊಸೆಯನ್ನೂ ಕೂರಿಸಿ ಕಲಿಸಿದರು. ಈಗ ತಪಾಸಣೆಗೆ ಮಾತ್ರ ಹೋಗುತ್ತೇನೆ. ದುಡ್ಡು ಕೊಟ್ಟದ್ದಕ್ಕೆ ನನಗೆ ಸಿಕ್ಕ ದೊಡ್ಡ ಲಾಭ ಇದೇ.

ಪಾರ್ಲರ್‌ಗಳಲ್ಲೂ ಈಗ ಲಿಂಫ್ಯಾಟಿಕ್ ಡ್ರೈನೇಜ್ ಅಂತ ಬೋರ್ಡ್ ಇರುತ್ತದೆ. ಮುಖ ಸಣ್ಣ ಆಗುತ್ತದೆ, ವಿಷ ಹೊರಗೆ ಹೋಗುತ್ತದೆ ಅನ್ನುತ್ತಾರೆ. ಆಪರೇಷನ್ ಆದ ಕೈಯನ್ನು ಅಲ್ಲಿ ಕೊಡಬೇಡಿ. ಕಾಲು ಊತದವರು, ಮುಖ್ಯವಾಗಿ ಆನೆಕಾಲು ರೋಗದವರು, ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಬಗ್ಗೆ ವಿಚಾರಿಸಿ. ಆಯುರ್ವೇದ, ಯೋಗ, ಚರ್ಮದ ಆರೈಕೆ, ಬ್ಯಾಂಡೇಜ್ ಎಲ್ಲಾ ಸೇರಿಸಿ ಚಿಕಿತ್ಸೆ ಕೊಡುತ್ತಾರೆ.

ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಆಗ ಥೆರಪಿ ಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು, ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಹೃದಯ ವೈಫಲ್ಯ ಇರುವವರು, ರಕ್ತನಾಳದಲ್ಲಿ ಹೊಸದಾಗಿ ಹೆಪ್ಪುಗಟ್ಟಿದವರು ಡಾಕ್ಟರ್ ಒಪ್ಪದೆ ಮಾಡಿಸಬಾರದು. ನನ್ನ ಥರ ಹೊಲಿಗೆ ಕೆಲಸದವರು ಇದ್ದರೆ ಸೂಜಿ ಚುಚ್ಚದ ಹಾಗೆ ಬೆರಳಿಗೆ ಟೋಪಿ ಹಾಕಿಕೊಳ್ಳಿ, ಇಸ್ತ್ರಿ ಪೆಟ್ಟಿಗೆಯಿಂದ ಆ ಕೈ ದೂರ ಇಡಿ. ಸಣ್ಣ ಗಾಯದಿಂದಲೂ ಸೋಂಕು ಒಳಗೆ ಹೋಗುತ್ತದೆ.

ಹೊಸ ಜಾಗಕ್ಕೆ ಹೋಗುವವರು ಫೋನಿನಲ್ಲೇ ಕೇಳಿ: ಲಿಂಫೆಡಿಮಾ ಥೆರಪಿಯಲ್ಲಿ ತರಬೇತಿ ಆಗಿದೆಯಾ, ಎರಡೂ ಕೈ ಅಳತೆ ಬರೆದಿಡುತ್ತೀರಾ, ಬ್ಯಾಂಡೇಜ್ ಕಟ್ಟುತ್ತೀರಾ, ಮನೆಯವರಿಗೆ ಕಲಿಸುತ್ತೀರಾ? ಎಣ್ಣೆ ಹಾಕುತ್ತೇವೆ ಅಂದರೆ ಅಲ್ಲಿಗೆ ಹೋಗಬೇಡಿ. ಮೊದಲ ದಿನ ಮುಂದೆ ಬಟನ್ ಇರುವ, ತೋಳು ಅಗಲ ಇರುವ ಉಡುಪು ಹಾಕಿಕೊಂಡು ಹೋಗಿ. ಬ್ಯಾಂಡೇಜ್ ಕಟ್ಟಿದ ಮೇಲೆ ಮಾಮೂಲಿ ಬ್ಲೌಸಿನ ತೋಳು ಏರುವುದಿಲ್ಲ. ನಾನು ಎಡತೋಳಿನ ಒಳಗಿನ ಹೊಲಿಗೆ ಬಿಚ್ಚಿ ವೆಲ್ಕ್ರೋ ಹಾಕಿ ಒಂದೆರಡು ಹೊಲಿದುಕೊಂಡಿದ್ದೇನೆ. ಯಾವ ಟೈಲರ್ ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ, ಬೇಕು ಅಂತ ಕೇಳಿ ಅಷ್ಟೇ.