ಬಣಕಲ್ ಕಡೆಯ ಕಾಫಿ ತೋಟದಲ್ಲಿ ವಿಸ್ಯಾಟ್ ಇಂಟರ್ನೆಟ್: ಕೆಲವು ಮಳೆಗಾಲ ಬಳಸಿದ ಮೇಲೆ

ನಮ್ಮ ವಿಸ್ಯಾಟ್‌ನಲ್ಲಿ, ಅಂದರೆ ಮನೆಯಲ್ಲಿ ಚಿಕ್ಕ ಡಿಶ್ ಇಟ್ಟು ಉಪಗ್ರಹದ ಮೂಲಕ ಪಡೆಯುವ ಇಂಟರ್ನೆಟ್‌ನಲ್ಲಿ, ನನಗೆ ಸಿಟ್ಟು ಬರಿಸುವುದು ಮೊದಲ ಕ್ಲಿಕ್ಕು. ಸ್ವಲ್ಪ ಹೊತ್ತು ಬಳಸದೆ ಬಿಟ್ಟು, ಆಮೇಲೆ ಏನಾದರೂ ತೆರೆಯಲು ಹೋದರೆ ಪರದೆ ಹಾಗೇ ನಿಂತಿರುತ್ತದೆ. ಒಂದು ಸೆಕೆಂಡ್, ಎರಡು ಸೆಕೆಂಡ್, ಕೆಲವು ಸಲ ಇನ್ನೂ ಜಾಸ್ತಿ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಎರಡನೇ ಪುಟ, ಮೂರನೇ ಪುಟ ಸಲೀಸು. ಎದ್ದು ಹೋಗಿ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕಿ ಬಂದರೆ ಮತ್ತೆ ಅದೇ ಕಾಯುವುದು. ಪ್ಲಾನ್ ಎಷ್ಟು ಮೆಗಾಬಿಟ್, ಡಿಶ್ ಎಷ್ಟು ಅಗಲ, ಇದೆಲ್ಲ ಕಂಪನಿಯವರ ಕಾಗದದಲ್ಲೇ ಇರುತ್ತದೆ. ಈ ಕಾಯುವ ವಿಷಯ ಯಾವ ಕಾಗದದಲ್ಲೂ ಇರಲಿಲ್ಲ. ಮಾರಲು ಬಂದವರೂ ಒಂದು ಮಾತು ಹೇಳಲಿಲ್ಲ.

ಮೊದಲು ನಮ್ಮ ಪರಿಸ್ಥಿತಿ ಹೇಳಿಬಿಡುತ್ತೇನೆ. ಬಣಕಲ್‌ನಿಂದ ಒಳಗೆ, ಚಾರ್ಮಾಡಿ ಕಡೆಯ ಗುಡ್ಡದ ಮಗ್ಗುಲಲ್ಲಿ ತೋಟ. ಕೇಬಲ್ ಎಳೆದರೆ ಜೂನ್‌ನಲ್ಲಿ ಸಿಲ್ವರ್ ಮರ ಬಿದ್ದು ಹರಿಯುತ್ತದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಕಣದ ಒಂದು ಮೂಲೆಗೆ ಹೋಗಿ ನಿಲ್ಲಬೇಕು. ರೊಬಸ್ಟಾಗೆ ಒಳ್ಳೆ ಬೆಲೆ ಸಿಕ್ಕ ವರ್ಷ ಧೈರ್ಯ ಮಾಡಿ ಡಿಶ್ ಹಾಕಿಸಿದೆವು. ತಿಂಗಳ ಬಿಲ್ಲು ಒಬ್ಬ ಆಳಿನ ವಾರದ ಕೂಲಿಗಿಂತ ಸ್ವಲ್ಪ ಜಾಸ್ತಿ. ಪೇಟೆಯವರಿಗೆ ಇದು ದುಬಾರಿ ಅನ್ನಿಸಬಹುದು. ನಮಗೆ ಬೇರೆ ದಾರಿ ಇಲ್ಲ.

ಡಿಶ್ ಕೂರಿಸಲು ಹಾಸನದಿಂದ ಒಬ್ಬ ಹುಡುಗ ಬಂದಿದ್ದ. ಮರಗಸಿ (ಕೊಂಬೆ ಸವರುವುದು) ಮಾಡಿಸಬೇಕಾಗುತ್ತದೆ, ಸುತ್ತ ನೆರಳಿನ ಮರ ಕಡಿಸಬೇಕಾಗುತ್ತದೆ ಅಂತ ನಮ್ಮ ಅತ್ತೆಗೆ ಭಯ ಇತ್ತು. ಅದೇನೂ ಬೇಕಾಗಲಿಲ್ಲ. ನಮ್ಮ ಡಿಶ್ ನೋಡುವುದು ಜಿಸ್ಯಾಟ್-11 ಉಪಗ್ರಹವನ್ನು. ಅದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಅಂದರೆ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೆ, ದಕ್ಷಿಣಕ್ಕೆ ಸ್ವಲ್ಪ ವಾಲಿದಂತೆ. ಮರಗಳ ನಡುವೆ ಆಕಾಶದ ಒಂದು ತೆರಪು ಸಿಕ್ಕಿದರೆ ಸಾಕು. ಈ ಉಪಗ್ರಹ 5,854 ಕಿಲೋ ತೂಕದ್ದು. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದಿಂದ ಹಾರಿಸಿದರು. ದೇಶವನ್ನು 32 ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಬೀಮ್, ಅಂದರೆ ತರಂಗದ ಕಿರಣ, ಬಿಡುತ್ತದೆ. ನಮ್ಮ ಬೀಮ್‌ನ ಕೆಳಗೆ ಯಾರೆಲ್ಲ ಇದ್ದಾರೋ ಅವರೆಲ್ಲ ಹಂಚಿಕೊಂಡು ಬಳಸಬೇಕು. ನನ್ನ ಮೊದಲ ಕ್ಲಿಕ್ಕಿನ ಕಥೆ ಇರುವುದು ಈ ಹಂಚಿಕೆಯಲ್ಲೇ.

ಆ ಹುಡುಗ ಹೇಳಿದ್ದು ಇಷ್ಟು: "ಅಕ್ಕ, ನಿಮ್ಮ ಡಿಶ್ ಮೊದಲು ಜಾಗ ಕೇಳ್ಬೇಕು. ಅವರು ಕೊಟ್ಟ ಮೇಲೆ ಕಳಿಸ್ಬೇಕು." ಅವತ್ತು ಪೂರ್ತಿ ತಲೆಗೆ ಹೋಗಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ನಾವೂ ಅಕ್ಕಪಕ್ಕದ ತೋಟದವರೂ ಹಳ್ಳದ ನೀರನ್ನು ಸರದಿ ಮೇಲೆ ಎತ್ತುತ್ತೇವಲ್ಲ, ಒಬ್ಬರ ಮೋಟಾರು ರಾತ್ರಿ, ಇನ್ನೊಬ್ಬರದ್ದು ಬೆಳಿಗ್ಗೆ, ಇದೂ ಹಾಗೆಯೇ. ಒಂದೇ ತರಂಗಾಂತರದಲ್ಲಿ ಒಂದು ಡಿಶ್ ಮಿಲಿಸೆಕೆಂಡುಗಳಷ್ಟು ಹೊತ್ತು ಕಳಿಸುತ್ತದೆ, ನಿಲ್ಲಿಸುತ್ತದೆ, ಮುಂದಿನ ಡಿಶ್ ಕಳಿಸುತ್ತದೆ. ಇದಕ್ಕೆ ಟಿಡಿಎಂಎ ಅನ್ನುತ್ತಾರೆ. ಎಲ್ಲರಿಗೂ ಕಾಯಂ ಸರದಿ ಕೊಟ್ಟುಬಿಟ್ಟರೆ ಸುಲಭ. ಆದರೆ ಒಂದು ತೋಟದವರಿಗೆ ಅವತ್ತು ಕೆಲಸವೇ ಇಲ್ಲದಿದ್ದರೆ ಅವರ ಸರದಿ ಸುಮ್ನೆ ಹರಿದುಹೋಗುತ್ತದೆ. ಅದಕ್ಕೇ ಬೇಕಾದವರು ಕೇಳಬೇಕು, ಕೇಳಿದವರಿಗೆ ಸ್ಲಾಟ್, ಅಂದರೆ ಕಳಿಸುವ ಸರದಿ, ಕೊಡುವುದು ಅನ್ನುವ ಪದ್ಧತಿ. ಸರದಿಯ ಲೆಕ್ಕ ಇಡುವುದು ಹಬ್, ಅಂದರೆ ಕಂಪನಿಯ ದೊಡ್ಡ ಡಿಶ್ ಇರುವ ಜಾಗ.

ತೊಂದರೆ ಇರುವುದು ದೂರದಲ್ಲಿ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮ ಡಿಶ್‌ನಿಂದ ಹೊರಟ ಮಾತು ಮೇಲೆ ಹೋಗಿ ಹಬ್‌ಗೆ ಇಳಿಯಲು ಸುಮಾರು ಕಾಲು ಸೆಕೆಂಡ್ ಬೇಕು. ಜಾಗ ಕೇಳಲು ಕಾಲು ಸೆಕೆಂಡ್. ಕೊಟ್ಟೆ ಎಂಬ ಉತ್ತರ ಬರಲು ಕಾಲು. ನಮ್ಮ ಕ್ಲಿಕ್ಕು ಹೋಗಲು ಕಾಲು, ಪುಟದ ಮೊದಲ ತುಣುಕು ಬರಲು ಕಾಲು. ಎಲ್ಲ ಸರಿಯಿದ್ದರೂ ಒಂದು ಸೆಕೆಂಡ್ ಅಲ್ಲೇ ಹೋಯಿತು.

ಆ ಕೇಳುವುದಕ್ಕಾದರೂ ಒಂದು ದಾರಿ ಬೇಕಲ್ಲ? ಇನ್ನೊಬ್ಬರು ಮಾತಾಡುತ್ತಿದ್ದಾರೋ ಅಂತ ಕಿವಿಗೊಟ್ಟು ಆಮೇಲೆ ಮಾತಾಡುವುದು ವೈಫೈಯಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಮಗೆ ಕೇಳಿಸುವ ಹೊತ್ತಿಗೆ ಅದು ಕಾಲು ಸೆಕೆಂಡ್ ಹಳೆಯದಾಗಿರುತ್ತದೆ. ಹಾಗಾಗಿ ಜಾಗ ಕೇಳುವುದಕ್ಕೆಂದೇ ಒಂದಿಷ್ಟು ಸ್ಲಾಟ್ ಬಿಟ್ಟಿರುತ್ತಾರೆ, ಯಾರು ಬೇಕಾದರೂ ಕೂಗಬಹುದು. ಇಬ್ಬರು ಒಂದೇ ಸಲ ಕೂಗಿದರೆ ಇಬ್ಬರದ್ದೂ ಹಾಳು. ಉತ್ತರ ಬರಲಿಲ್ಲವೆಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಬೇಕು. ಇದರ ಮೂಲ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಯವರು ದ್ವೀಪಗಳ ನಡುವೆ ರೇಡಿಯೋದಲ್ಲಿ ನಡೆಸಿದ ಅಲೋಹಾ ಜಾಲ. ಯಾರು ಯಾವಾಗ ಬೇಕಾದರೂ ಕೂಗಬಹುದು ಎಂದರೆ ಚಾನೆಲ್‌ನ ಶೇಕಡಾ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಸ್ಲಾಟ್ ಶುರುವಾಗುವಾಗಲೇ ಕೂಗಬೇಕು ಎಂದು ಕಟ್ಟು ಹಾಕಿದರೆ ಶೇಕಡಾ 37ರವರೆಗೆ. ಉಳಿದದ್ದು ಡಿಕ್ಕಿ ಮತ್ತು ಖಾಲಿ. ಡೇಟಾವನ್ನೆಲ್ಲ ಹೀಗೆ ಕಳಿಸಿದರೆ ನಷ್ಟ. ಚಿಕ್ಕ ಕೋರಿಕೆಗೆ ಪರವಾಗಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಒಬ್ಬೊಬ್ಬರಿಗೂ ಬೇರೆ ಚಾನೆಲ್ ಕಾಯಂ ಆಗಿ ಕೊಟ್ಟರೆ ಈ ಬಿಲ್ಲಿನಲ್ಲಿ ನಮ್ಮಂಥವರಿಗೆ ಇಂಟರ್ನೆಟ್ ಸಿಗುವುದೇ ಇಲ್ಲ. ಹಂಚಿಕೊಂಡಿದ್ದರಿಂದಲೇ ಸಿಕ್ಕಿದೆ.

ಈಗ ನನ್ನ ಬೆಳಗಿನ ಕೆಲಸ ಇದಕ್ಕೆ ತಕ್ಕಂತೆ ಹೊಂದಿಕೊಂಡಿದೆ. ಐದೂವರೆಗೆ ಎದ್ದು ಕಾಫಿ ಡಿಕಾಕ್ಷನ್ ಇಳಿಯಲು ಬಿಟ್ಟು, ಟಾರ್ಚ್ ಹಿಡಿದು ಡಿಶ್ ಹತ್ತಿರ ಹೋಗುತ್ತೇನೆ. ಮೇಲಕ್ಕೆ ಮುಖ ಮಾಡಿ ಮಲಗಿದಂತಿರುವ ಡಿಶ್ ಆದ್ದರಿಂದ ಸಿಲ್ವರ್ ಎಲೆ ಬಿದ್ದು ಅಂಟಿಕೊಂಡಿರುತ್ತದೆ. ಅದನ್ನು ತೆಗೆದು, ಹಳೆಯ ಪಂಚೆ ಬಟ್ಟೆಯಲ್ಲಿ ಇಬ್ಬನಿ ಒರೆಸಿ, ಡಿಶ್ ಮುಂದೆ ತರಂಗ ಹಿಡಿಯಲು ಇರುವ ಫೀಡ್‌ನ ಬಾಯಿಗೆ ಕಣಜ ಗೂಡು ಕಟ್ಟಿದೆಯಾ ಅಂತ ಒಮ್ಮೆ ನೋಡುತ್ತೇನೆ. ಒಳಗೆ ಬಂದು ಮೋಡೆಮ್‌ನ ಪುಟದಲ್ಲಿ ಸಿಗ್ನಲ್ ಅಂಕಿ ನೋಡುವುದು. ಅದನ್ನು ಮಳೆ ಅಳತೆಯ ಪುಸ್ತಕದಲ್ಲೇ, ಇಂಚು ಸೆಂಟು ಬರೆಯುವ ಸಾಲಿನ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಲೋಟದಲ್ಲಿ ಕಾಫಿ ಹಿಡಿದು ಕೂತು, ತೋಟದ ಲೆಕ್ಕ ಬರೆಯುವ ರೈಟರ್ ಹಿಂದಿನ ಸಂಜೆ ಕೊಟ್ಟ ಚೆಕ್ ರೋಲ್ (ಆಳುಗಳ ಹಾಜರಿ), ಹಣ್ಣಿನ ತೂಕ, ಫೋಟೋ ಎಲ್ಲ ಒಂದೇ ಸಲಕ್ಕೆ ಕಳಿಸುತ್ತೇನೆ. ಆ ಹೊತ್ತಿಗೆ ಕೇಳುವವರು ಕಮ್ಮಿ. ಕಳಿಸುತ್ತಲೇ ಇದ್ದರೆ ಸ್ಲಾಟ್ ಬಿಟ್ಟುಹೋಗುವುದೂ ಇಲ್ಲ. ಅದು ಸರಾಗವಾಗಿ ಏರುವುದನ್ನು ನೋಡುತ್ತಾ ಕಾಫಿ ಕುಡಿಯುವುದು ನನಗೆ ತುಂಬ ಇಷ್ಟ.

ಸಂಜೆ ಏಳರಿಂದ ಹತ್ತು ಗಂಟೆ ಮಾತ್ರ ಕಷ್ಟ. ಆಗ ಕ್ರಿಕೆಟ್ ನೋಡಲು ಹೋಗಬೇಡಿ.

ಮಳೆ ಬಗ್ಗೆ ಎಲ್ಲರೂ ಕೇಳುತ್ತಾರೆ. ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. ಜುಲೈನ ಬಿಡದ ಸೋನೆ ಮಳೆ ಇದಕ್ಕೆ ದೊಡ್ಡ ವಿಷಯವೇ ಅಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬಂದರೆ ಹತ್ತು ಹದಿನೈದು ನಿಮಿಷ ಸತ್ತೇಹೋಗುತ್ತದೆ. ದಿನವಿಡೀ ಎಷ್ಟು ಇಂಚು ಬಿತ್ತು ಅನ್ನುವುದಕ್ಕಿಂತ ಆ ಗಳಿಗೆಯಲ್ಲಿ ಎಷ್ಟು ಜೋರಾಗಿ ಬೀಳುತ್ತಿದೆ ಅನ್ನುವುದೇ ನಮ್ಮ ಡಿಶ್ ಬಳಸುವ ಕೆಯು ಬ್ಯಾಂಡ್ ತರಂಗಕ್ಕೆ ಮುಖ್ಯ. ಉಪಗ್ರಹ ನೆತ್ತಿಯ ಮೇಲಿರುವುದರಿಂದ ತರಂಗ ಮಳೆಯೊಳಗೆ ಹಾಯುವ ದೂರವೂ ಕಮ್ಮಿ. ಸಿಗ್ನಲ್ ಇಳಿದಾಗ ಯಂತ್ರ ತಾನೇ ನಿಧಾನದ, ಗಟ್ಟಿಯಾದ ಕೋಡಿಂಗ್‌ಗೆ ಬದಲಾಗುತ್ತದೆ. ಆಗ ಅಷ್ಟೇ ಡೇಟಾಕ್ಕೆ ಚಾನೆಲ್‌ನಲ್ಲಿ ಜಾಸ್ತಿ ಹೊತ್ತು ಬೇಕು. ಅಂದರೆ ನಮ್ಮ ಮೇಲೆ ಸುರಿಯುವ ಮಳೆಗೆ ಬಿಸಿಲಲ್ಲಿರುವ ಡಿಶ್‌ನವರೂ ಸ್ವಲ್ಪ ಪಾಲು ಬಿಟ್ಟುಕೊಡುತ್ತಾರೆ. ಗಾಳಿಗೆ ಲೈನು ಹರಿದು, ಟವರೂ ಆರಿ, ಸುತ್ತಲ ಊರೆಲ್ಲ ಮೌನವಾದ ರಾತ್ರಿಗಳಲ್ಲಿ ನಮ್ಮ ಇನ್ವರ್ಟರ್ ಮೇಲೆ ಇದೊಂದೇ ನಡೆದಿದೆ. ಲೈನ್ ಮನೆಯಲ್ಲಿರುವ ನಮ್ಮ ಆಳುಗಳೂ ಬಂದು ಊರಿಗೆ ಮಾತಾಡಿ ಹೋಗಿದ್ದಾರೆ. ಬಿಲ್ಲು ಕಟ್ಟುವಾಗ ನನಗೆ ಆ ರಾತ್ರಿಗಳು ನೆನಪಾಗುತ್ತವೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ ಉಪಗ್ರಹದ ಹಿಂದೆಯೇ ಬರುತ್ತಾನೆ. ಆಗ ಕೆಲವೇ ನಿಮಿಷ ತೊಂದರೆ, ದೂರು ಕೊಡಬೇಡಿ.

ನಮ್ಮ ಕಡೆಯವರು ಹಲವರು ಈ ಸ್ಲಾಟ್ ಹಂಚುವುದೂ ಹಾಸನದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ನವರೇ ಅಂದುಕೊಂಡಿದ್ದಾರೆ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇರುವ ಆ ಇಸ್ರೋ ಕೇಂದ್ರದ ಕೆಲಸ ಉಪಗ್ರಹವನ್ನು ನೋಡಿಕೊಳ್ಳುವುದು. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಜಾಗ ಬಿಟ್ಟು ಸರಿಯುತ್ತಲೇ ಇರುತ್ತದೆ, ಅದನ್ನು ತಳ್ಳಿ ತಳ್ಳಿ ಅಲ್ಲೇ ನಿಲ್ಲಿಸಬೇಕು. ನಮ್ಮ ಡಿಶ್ ಅಲುಗಾಡದೆ ಒಂದೇ ಕಡೆ ನೋಡುತ್ತಾ ಕೂರಬಹುದಾದರೆ ಅದು ಈ ಕೆಲಸದಿಂದ. ಹಾಸನಕ್ಕೆ ಹೋದಾಗಲೆಲ್ಲ ಆ ದೊಡ್ಡ ಆಂಟೆನಾಗಳನ್ನು ನೋಡಿದರೆ ನಮ್ಮವರು ಅಂತ ಅನ್ನಿಸುತ್ತದೆ.

ಫೋನ್ ಮಾತುಕತೆಗೆ ಅಭ್ಯಾಸ ಬೇಕು. ನಾವು ನಿಲ್ಲಿಸಿದ ಮೇಲೂ ಆ ಕಡೆಯವರಿಗೆ ಕೇಳಿಸುತ್ತಿರುತ್ತದೆ, ಹಾಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತೇವೆ. ಎದುರು ಗುಡ್ಡದಾಚೆಯ ನಮ್ಮ ಭಾವನವರೂ ಇಂಥದ್ದೇ ಡಿಶ್ ಹಾಕಿಸಿದ್ದಾರೆ. ಅವರಿಗೆ ಕರೆ ಮಾಡಿದರೆ ಇನ್ನೂ ಜಾಸ್ತಿ ತಡ. ಚಿಕ್ಕ ಡಿಶ್‌ಗಳು ನೇರ ಮಾತಾಡುವುದಿಲ್ಲ, ಹಬ್ ಮೂಲಕವೇ ಹೋಗಬೇಕು. ಎರಡು ಸಲ ಮೇಲೆ, ಎರಡು ಸಲ ಕೆಳಗೆ. ನಡೆದುಹೋಗುವಷ್ಟು ಹತ್ತಿರದ ಮನೆಗೆ ನನ್ನ ಮಾತು ಸುಮಾರು 1,44,000 ಕಿಲೋಮೀಟರ್ ಸುತ್ತಿ ಮುಟ್ಟುತ್ತದೆ.

ಕೊನೆಯದಾಗಿ, ಮನೆಯಿಂದ ಆಫೀಸ್ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ನನ್ನ ಮಗಳು ಬೆಂಗಳೂರಿನ ಕಂಪನಿಯ ಕೆಲಸ ಇಲ್ಲಿಂದಲೇ ಮಾಡಬಹುದು ಅಂತ ಬಂದಳು. ಕಂಪನಿಯ ಜಾಲಕ್ಕೆ ಗುಟ್ಟಾಗಿ ಸೇರಿಸುವ ಅವಳ ವಿಪಿಎನ್ ಹಾಕಿದ ಕೂಡಲೇ ವೇಗ ಪಾತಾಳಕ್ಕೆ ಇಳಿಯಿತು. ದೂರದ ತಡವನ್ನು ಮರೆಸಲು ಮೋಡೆಮ್ ಸಾಮಾನ್ಯವಾಗಿ "ತಲುಪಿತು" ಎಂಬ ಉತ್ತರವನ್ನು ತಾನೇ ಕೊಟ್ಟು ಕೆಲಸ ಮುಂದಕ್ಕೆ ಓಡಿಸುತ್ತದೆ. ವಿಪಿಎನ್ ಎಲ್ಲವನ್ನೂ ಮುಚ್ಚಿಟ್ಟರೆ ಮೋಡೆಮ್‌ಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಈ ಉಪಾಯ ನಡೆಯುವುದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅವಳು ಚಿಕ್ಕಮಗಳೂರಿನಲ್ಲೇ ರೂಮು ಮಾಡುತ್ತಿದ್ದಳು, ಈಗ ಅದನ್ನೇ ಮಾಡಿದ್ದಾಳೆ. ಅವಳು ಮನೆಯಲ್ಲೇ ಇರುತ್ತಾಳೆ ಅಂದುಕೊಂಡಿದ್ದ ನನಗೆ ಈ ವಿಷಯಕ್ಕೆ ಇನ್ನೂ ಬೇಜಾರಿದೆ.

ಬರುವ ಕೊಯ್ಲಿಗೆ ಮುಂಚೆ ಪ್ಲಾನ್ ಬದಲಿಸುತ್ತಿದ್ದೇವೆ. ಮೆಗಾಬಿಟ್ ಕಮ್ಮಿ ಇರುವುದನ್ನೇ ಕೇಳಿದ್ದೇನೆ, ಆದರೆ ಅದರಲ್ಲಿ ಒಂದು ಚಿಕ್ಕ ಪಾಲು ಕಾಯಂ ಆಗಿ ನಮ್ಮ ಡಿಶ್‌ಗೇ ಮೀಸಲಿರಬೇಕು. ಹಾಗಿದ್ದರೆ ಪ್ರತಿ ಸಲ ಜಾಗ ಕೇಳಿ ಕಾಯಬೇಕಾಗಿಲ್ಲ, ಮೊದಲ ಕ್ಲಿಕ್ಕಿಗೆ ಅರ್ಧ ಸೆಕೆಂಡಾದರೂ ಉಳಿಯುತ್ತದೆ. ಬಿಲ್ಲು ಸ್ವಲ್ಪ ಏರುತ್ತದೆ, ಏರಲಿ. ನೀವು ಹೊಸದಾಗಿ ಹಾಕಿಸುವವರಾದರೆ ವೇಗ ಎಷ್ಟು ಅನ್ನುವುದಕ್ಕೆ ಮುಂಚೆ ಖಾತ್ರಿ ಪಾಲು ಎಷ್ಟು, ಅದೇ ಚಾನೆಲ್‌ನಲ್ಲಿ ಎಷ್ಟು ಜನ ಅಂತ ಕೇಳಿ, ಬರೆಸಿಕೊಂಡೇ ದುಡ್ಡು ಕೊಡಿ.