ಟೀ ಮಸಾಲೆ: ಡಬ್ಬಿಯದ್ದೋ, ಮನೆ ಪುಡಿಯೋ, ಆಗಷ್ಟೇ ಜಜ್ಜಿದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುಟ್ಟಾಣಿಗೆ. ಗಾಂಧಿ ಬಜಾರಿನಿಂದ ಒಂದು ಪುಟ್ಟ ಕಲ್ಲಿನ ಕುಟ್ಟಾಣಿ ತಂದೆ. ಈ ವರ್ಷ ಅಡುಗೆಮನೆಗೆ ಕೊಂಡ ಸಾಮಾನಿನಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ಅದು ಬರುವ ಮೊದಲು ನಮ್ಮ ಮನೆಯಲ್ಲಿ ಮಸಾಲೆ ಟೀ ಮೂರು ಥರ ಆಗುತ್ತಿತ್ತು. ಅಂಗಡಿಯ ಟೀ ಮಸಾಲೆ ಡಬ್ಬಿ, ಬಿಸಿನೀರು ಸುರಿದರೆ ಮುಗಿಯುವ ಪ್ರೀಮಿಕ್ಸ್, ಮತ್ತೆ ಮಿಕ್ಸಿಯಲ್ಲಿ ಮಾಡಿಟ್ಟುಕೊಂಡ ಮನೆ ಪುಡಿ.

ಟೀ ಕುಡಿಯುವವರು ನಾನು ಮತ್ತು ನಮ್ಮತ್ತೆ ಇಬ್ಬರೇ. ಉಳಿದವರೆಲ್ಲ ಕಾಫಿಯವರು. ಹಾಲು ನಂದಿನಿ ನೀಲಿ ಪ್ಯಾಕೆಟ್. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನಾನು ಮುಂದೆ ಹೇಳುವುದೆಲ್ಲ ಇಂಥ ಮನೆಯ ಲೆಕ್ಕ.

ಪ್ರೀಮಿಕ್ಸ್ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಪದಾರ್ಥಗಳ ಹೆಸರನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವ ನಿಯಮ ಇದೆ. ನಾನು ತಂದ ಪೊಟ್ಟಣದಲ್ಲಿ ಮೊದಲ ಹೆಸರು ಸಕ್ಕರೆ, ಆಮೇಲೆ ಹಾಲಿನ ಪುಡಿ. ಟೀ, ಮಸಾಲೆ ಎಲ್ಲ ಕೊನೆಯಲ್ಲಿ. ಸಕ್ಕರೆ ಕಡಿಮೆ ಮಾಡಿಕೊಳ್ಳುವ ದಾರಿಯೇ ಇಲ್ಲ. ನಮ್ಮತ್ತೆಗೆ ಶುಗರ್ ಇದೆ, ಹಾಗಾಗಿ ಅಲ್ಲಿಗೇ ಬಿಟ್ಟೆ. ರೈಲಿನಲ್ಲಿ ಹೋಗುವಾಗ, ಹೋಟೆಲ್ ರೂಮಿನಲ್ಲಿ ಬರೀ ಕೆಟಲ್ ಇರುವಾಗ ಪರವಾಗಿಲ್ಲ.

ಡಬ್ಬಿ ಮಸಾಲೆ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಮಕ್ಕಳ ಡಬ್ಬಿ ಕಟ್ಟುವವರಿಗೆ ಒಂದು ಚಿಟಿಕೆ ಹಾಕಿದರೆ ಕೆಲಸ ಮುಗಿಯಿತು ಅನ್ನುವುದು ದೊಡ್ಡ ವಿಷಯವೇ. ಆದರೆ ಅಲ್ಲೂ ಅದೇ ಪಟ್ಟಿ ಓದಿ. ನನ್ನ ಡಬ್ಬಿಯಲ್ಲಿ ಮೊದಲು ಒಣಶುಂಠಿ, ಆಮೇಲೆ ಕಾಳುಮೆಣಸು. ಏಲಕ್ಕಿ ಎಲ್ಲೋ ಕೆಳಗೆ. ಬೆಲೆ ನೋಡಿದರೆ ಕಾರಣ ಗೊತ್ತಾಗುತ್ತದೆ, ಅಲ್ವಾ? ಏಲಕ್ಕಿ ದುಬಾರಿ.

ರುಚಿಯ ವ್ಯತ್ಯಾಸ ಒಣಶುಂಠಿಯಿಂದಲೇ ಶುರುವಾಗುತ್ತದೆ. ಹಸಿ ಶುಂಠಿಯ ಖಾರ ಜಿಂಜರಾಲ್ ಅನ್ನುವ ಅಂಶದಿಂದ ಬರುತ್ತದೆ. ಶುಂಠಿ ಒಣಗುವಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ. ಶೋಗಾಲ್ ಇನ್ನೂ ಖಾರ. ಜೊತೆಗೆ, ಹಸಿ ಶುಂಠಿಯಲ್ಲಿರುವ ನಿಂಬೆಯಂಥ ಪರಿಮಳ ಒಣಗಿದ ಮೇಲೆ ಬಹಳ ಕಡಿಮೆಯಾಗುತ್ತದೆ. ಅದಕ್ಕೇ ಡಬ್ಬಿ ಮಸಾಲೆಯ ಟೀ ಗಂಟಲಿಗೆ ಚುರುಕ್ ಅನ್ನುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ. ಶೀತ ಆದಾಗ ಆ ಚುರುಕು ಹಿತ ಅನಿಸುತ್ತದೆ. ದಿನಾ ಸಂಜೆ ಕುಡಿಯಲು ನನಗೆ ಅದು ಬೇಡ.

ಇನ್ನೊಂದು, ಡಬ್ಬಿ ಖಾಲಿಯಾಗುವುದೇ ಇಲ್ಲ. ಇಬ್ಬರ ಟೀಗೆ ಎಷ್ಟು ಮಸಾಲೆ ಬೇಕು? ಅರ್ಧಕ್ಕೆ ಬರುವಷ್ಟರಲ್ಲಿ ಪರಿಮಳ ಹಾರಿಹೋಗಿ ಬರೀ ಮೆಣಸಿನ ಘಾಟು ಉಳಿದಿರುತ್ತದೆ.

ಹಾಗಾದರೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಪುಡಿ ಮಾಡಿಕೊಂಡರೆ? ಮಾಡಿದೆವು. ಏಲಕ್ಕಿ ಜಾಸ್ತಿ, ಲವಂಗ ಕಡಿಮೆ, ಒಂದು ತುಂಡು ಚಕ್ಕೆ, ನಾಲ್ಕು ಮೆಣಸು. ಮೊದಲ ವಾರ ಅದ್ಭುತವಾಗಿತ್ತು. ಡಬ್ಬಿಗಿಂತ ಎಷ್ಟೋ ಮೇಲು. ಆದರೆ ಲೋಟದ ತಳದಲ್ಲಿ ಲೋಳೆ ಲೋಳೆಯಾದ ಗಸಿ ಉಳಿಯುತ್ತಿತ್ತು. ಅದು ಚಕ್ಕೆಯ ಕೆಲಸ. ಚಕ್ಕೆಯ ನುಣ್ಣನೆಯ ಪುಡಿ ಬಿಸಿನೀರು ಕುಡಿದು ಊದಿಕೊಂಡು ಅಂಟಂಟಾಗುತ್ತದೆ. ಟೀ ಸೋಸುವ ಜಾಲರಿಗೆ ಅದು ಸಿಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ಕಟ್ಟಿಕೊಳ್ಳುತ್ತದೆ. ಚಕ್ಕೆ ಬಿಟ್ಟು ಮಾಡಿದರೆ ಈ ಕಾಟ ಇಲ್ಲ, ಪುಡಿ ಮಾಡಿಡಲೇಬೇಕು ಅನ್ನುವವರು ಹಾಗೇ ಮಾಡಿ. ಹಾಗೆಯೇ, ಮನೆಯಲ್ಲಿ ಹೇಗೂ ಇದೆ ಅಂತ ಕಷಾಯದ ಪುಡಿಯನ್ನು ಟೀಗೆ ಹಾಕಬೇಡಿ. ಕೊತ್ತಂಬರಿ, ಜೀರಿಗೆ ಹಾಲು ಬೆಲ್ಲದ ಜೊತೆ ಎಷ್ಟು ಚೆನ್ನಾಗಿ ಹೊಂದುತ್ತವೋ, ಟೀ ಒಗರಿನ ಜೊತೆ ಅಷ್ಟೇ ಜಗಳ ಆಡುತ್ತವೆ.

ಈಗ ಕುಟ್ಟಾಣಿ. ಬೆರಳಿನ ಒಂದು ಗೆಣ್ಣಿನಷ್ಟು ಹಸಿ ಶುಂಠಿ, ಎರಡು ಏಲಕ್ಕಿ. ಮಳೆ ಹಿಡಿದ ದಿನ ಎರಡು ಮೆಣಸು. ಇಷ್ಟು ಎರಡು ಲೋಟಕ್ಕೆ. ಶುಂಠಿ ಬಲಿತದ್ದಿರಲಿ. ತೆಳು ಸಿಪ್ಪೆಯ ಎಳೆ ಶುಂಠಿ ನೋಡಲು ಚೆಂದ, ಖಾರ ಸಾಲದು. ಜಜ್ಜಲು ತಗಲುವ ಹೊತ್ತು ನೀರು ಬಿಸಿಯಾಗುವ ಹೊತ್ತಿನೊಳಗೇ ಮುಗಿಯುತ್ತದೆ. ಕಲ್ಲು ಭಾರ ಇರುವುದರಿಂದ ಕುಟ್ಟುವಾಗ ಕಟ್ಟೆಯ ಮೇಲೆ ಜಾರುವುದಿಲ್ಲ. ಏಲಕ್ಕಿ ಎರಡು ಪೆಟ್ಟಿಗೆ ಬಾಯಿ ಬಿಡುತ್ತದೆ. ಆ ಕ್ಷಣದ ಪರಿಮಳ ಯಾವ ಡಬ್ಬಿಯಲ್ಲೂ ಇಲ್ಲ. ಏಲಕ್ಕಿಯ ಘಮ ಕಾಳಿನೊಳಗೆ ಸಿಪ್ಪೆಯ ರಕ್ಷಣೆಯಲ್ಲಿ ಇರುವುದು, ಒಡೆದ ಕೂಡಲೇ ಹಾರಲು ಶುರು ಮಾಡುತ್ತದೆ. ಅಂದಮೇಲೆ ಒಡೆದ ಕೂಡಲೇ ಪಾತ್ರೆಗೆ ಬೀಳುವುದೇ ಸರಿ.

ಇದರಲ್ಲಿ ಒಂದೇ ಒಂದು ತಲೆನೋವು ಇದೆ. ಹಾಲು ಒಡೆಯುವುದು.

ಹಸಿ ಶುಂಠಿ ಟೀ ಮಾಡುವ ಮನೆಗಳಲ್ಲಿ ಇದು ಆಗಾಗ ಕೇಳುವ ದೂರು. ಕುದಿ ಬರುವ ಹೊತ್ತಿಗೆ ಹಾಲು ಚೂರು ಚೂರಾಗುತ್ತದೆ, ನೀರು ಬೇರೆಯಾಗುತ್ತದೆ, ಪಾತ್ರೆಯ ಟೀಯೆಲ್ಲ ಸಿಂಕಿಗೆ. ತಕ್ಷಣ ಬೈಗುಳ ಹಾಲಿಗೆ. ನಮ್ಮ ಮನೆಯಲ್ಲಿ ಹಾಗಾದಾಗ ಅತ್ತೆ ಅದೇ ಪ್ಯಾಕೆಟ್ಟಿನ ಉಳಿದ ಹಾಲನ್ನು ಪಕ್ಕದ ಒಲೆಯಲ್ಲಿ ಬರೀ ಕಾಯಿಸಿದರು. ಒಡೆಯಲಿಲ್ಲ. "ಹಾಲು ಚೆನ್ನಾಗೇ ಇದೆ ಕಣಮ್ಮ, ಶುಂಠಿ ಏನೋ ಮಾಡ್ತಿದೆ" ಅಂದರು. ಅವರು ಹೇಳಿದ್ದೇ ಸರಿ.

ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಜಿಂಜಿಬೈನ್ ಅಂತ ಹೆಸರು. ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನಿನ ಮೇಲೆ ಅದು ಕೈ ಹಾಕಿದರೆ ಹಾಲು ಹೆಪ್ಪುಗಟ್ಟುತ್ತದೆ. ಚೀಸ್ ಮಾಡುವವರು ರೆನೆಟ್ ಹಾಕಿ ಮಾಡಿಸುವ ಕೆಲಸವೇ ಇದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಅದಕ್ಕೆ ಚುರುಕು ಜಾಸ್ತಿ. ಕುದಿಯುವ ಶಾಖದಲ್ಲಿ ಅದರ ಶಕ್ತಿ ಹೋಗುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದನ್ನೇ ಬಳಸಿ ಒಂದು ಸಿಹಿ ಮಾಡುತ್ತಾರೆ. ಬಟ್ಟಲಲ್ಲಿ ಶುಂಠಿ ರಸ ಹಾಕಿ, ಮೇಲಿಂದ ಬಿಸಿ ಹಾಲು ಸುರಿದು ಸುಮ್ನೆ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಗಿಣ್ಣಿನ ಹಾಗೆ ಮೆತ್ತಗೆ ಗಟ್ಟಿಯಾಗುತ್ತದೆ. ಅಲ್ಲಿ ಬೇಕೆಂದೇ ಮಾಡುವ ಕೆಲಸ ನಮ್ಮ ಟೀ ಪಾತ್ರೆಯಲ್ಲಿ ಬೇಡದೆ ಆಗುತ್ತದೆ.

ಯಾವಾಗ ಒಡೆಯುತ್ತದೆ ಅನ್ನುವುದು ಈಗ ಊಹಿಸಬಹುದು. ಫ್ರಿಜ್ಜಿನ ತಣ್ಣನೆಯ ಹಾಲಿಗೆ ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ, ಹಾಲು ಆ 60 ಡಿಗ್ರಿಯನ್ನು ನಿಧಾನವಾಗಿ ದಾಟುತ್ತದೆ. ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ನೀರೇ ಹಾಕದೆ ಪೂರ್ತಿ ಹಾಲಿನಲ್ಲಿ ಟೀ ಮಾಡುವವರಿಗೆ ಈ ಕಾಟ ಜಾಸ್ತಿ ಆಗುವುದು ಇದಕ್ಕೇ. ತುರಿದ ಶುಂಠಿಯಲ್ಲಿ ರಸ ಜಾಸ್ತಿ ಹೊರಬರುವುದರಿಂದ ಅಪಾಯವೂ ಜಾಸ್ತಿ. ಬೆಳಗಿನಿಂದ ಹೊರಗಿದ್ದು ಸ್ವಲ್ಪ ಹುಳಿ ತಿರುಗಿದ ಹಾಲಾದರೆ ಕೇಳುವುದೇ ಬೇಡ.

ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಲೋಟ ನೀರಿಗೆ ಜಜ್ಜಿದ ಶುಂಠಿ ಮೊದಲು ಹಾಕಿ. ನೀರು ಕೊತಕೊತ ಕುದಿಯಲಿ, ಮೂರು ನಿಮಿಷ ಹಾಗೇ ಬಿಡಿ. ಆಮೇಲೆ ಎರಡು ಚಮಚ ಟೀ ಪುಡಿ, ಒಂದು ನಿಮಿಷ ಬಿಟ್ಟು ಒಂದು ಲೋಟ ಕಾದ ಹಾಲು. ಹಾಲು ಹಾಕಿದ ಮೇಲೆ ಎರಡು ಸಲ ಉಕ್ಕು ಬರಲಿ. ಏಲಕ್ಕಿ ಕೊನೆಗೆ, ಉರಿ ಆರಿಸುವ ಹೊತ್ತಿಗೆ, ಹಾಕಿ ಒಂದು ನಿಮಿಷ ಮುಚ್ಚಿಡಿ. ಮೊದಲೇ ಹಾಕಿದರೆ ಅದರ ಘಮ ಹಬೆಯ ಜೊತೆ ಹೋಗಿಬಿಡುತ್ತದೆ. ಈ ಕ್ರಮ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಹಾಲು ಒಡೆದಿಲ್ಲ. ಡಬ್ಬಿ ಪುಡಿಯಲ್ಲಿ ಈ ರಗಳೆ ನಮಗೆ ಬರಲೇ ಇಲ್ಲ, ಅಷ್ಟರ ಮಟ್ಟಿಗೆ ಅದಕ್ಕೆ ಒಂದು ಅಂಕ ಕೊಡಬೇಕು.

ಟೀ ಪುಡಿ ಸಾದಾ ಅಸ್ಸಾಂ ಸಿಟಿಸಿ ಸಾಕು. ಹಾಲು ಮತ್ತು ಶುಂಠಿಯ ಎದುರು ನಿಲ್ಲುವುದು ಆ ಕಾಳು ಕಾಳಾದ ಗಟ್ಟಿ ಪುಡಿಯೇ. ನೀಲಗಿರಿಯ ದೊಡ್ಡ ಎಲೆಯ ಒಳ್ಳೆಯ ಟೀ ಇದ್ದರೆ ಅದನ್ನು ಹಾಲಿಲ್ಲದೆ ಕುಡಿಯಿರಿ. ಬೆಲ್ಲ ಹಾಕುವವರು ಉರಿ ಆರಿಸಿದ ಮೇಲೆ ಹಾಕಿ, ಬೆಲ್ಲಕ್ಕೂ ಹಾಲು ಒಡೆಯುವ ಗುಣ ಇದೆ. ಲವಂಗ ಎರಡು ಲೋಟಕ್ಕೆ ಒಂದು, ಅದಕ್ಕಿಂತ ಜಾಸ್ತಿಯಾದರೆ ಹಲ್ಲುನೋವಿನ ಎಣ್ಣೆ ನೆನಪಾಗುತ್ತದೆ. ಚಕ್ಕೆ ಬೇಕೆಂದರೆ ಇಡೀ ತುಂಡನ್ನೇ ನೀರಿನಲ್ಲಿ ಕುದಿಸಿ.

ಖರ್ಚಿನ ಮಾತು. ಏಲಕ್ಕಿ ದುಬಾರಿ ಅಂತ ಡಬ್ಬಿಗೆ ಹೋಗುವವರಿಗೆ ಒಂದು ದಾರಿ ಹೇಳುತ್ತೇನೆ. ಪಾಯಸಕ್ಕೋ ಕೇಸರಿಬಾತಿಗೋ ಕಾಳು ಬಿಡಿಸಿಕೊಂಡ ಮೇಲೆ ಉಳಿಯುವ ಸಿಪ್ಪೆಯನ್ನು ಎಸೆಯಬೇಡಿ, ಟೀ ಪುಡಿ ಡಬ್ಬಿಯೊಳಗೆ ಹಾಕಿಡಿ. ಹಾಗೆ ಮಾಡಿದ ತಿಂಗಳು ಲೋಟಕ್ಕೆ ಅರ್ಧ ಏಲಕ್ಕಿ ಸಾಕಾಗುತ್ತದೆ. ಸಕಲೇಶಪುರದ ಕಡೆಯಿಂದ ನೆಂಟರು ಬರುವಾಗ ನಾನು ಸ್ವಲ್ಪ ತರಿಸಿಕೊಳ್ಳುತ್ತೇನೆ, ಹಸಿರು ಬಣ್ಣ ಉಳಿದಿರುವಂಥದ್ದು. ಗಾಳಿಯಾಡದ ಬಾಟಲಿಯಲ್ಲಿ ಸಿಪ್ಪೆ ಸಮೇತ ಇಟ್ಟರೆ ಬಹಳ ದಿನ ಬರುತ್ತದೆ.

ಮನೆಯಲ್ಲಿ ಟೀ ಕುಡಿಯುವವರು ಏಳೆಂಟು ಜನ ಇದ್ದು, ಅವಸರದ ಬೆಳಗಾದರೆ ಡಬ್ಬಿ ಇಟ್ಟುಕೊಳ್ಳಿ. ಅಷ್ಟು ಜನರಿದ್ದರೆ ಪರಿಮಳ ಹೋಗುವ ಮೊದಲೇ ಡಬ್ಬಿ ಖಾಲಿಯೂ ಆಗುತ್ತದೆ. ಆದರೂ ಸಣ್ಣ ಡಬ್ಬಿಯನ್ನೇ ತನ್ನಿ, ಮತ್ತು ಕುದಿಯುವಾಗ ಒಂದು ತುಂಡು ಹಸಿ ಶುಂಠಿ ಜಜ್ಜಿ ಸೇರಿಸಿ. ನಮ್ಮಂಥ ಇಬ್ಬರ ಮನೆಗೆ ಕುಟ್ಟಾಣಿಯೇ ಸಾಕು. ತೊಳೆಯುವಾಗ ಸೋಪು ಹಾಕಬೇಡಿ, ಕಲ್ಲು ಆ ವಾಸನೆಯನ್ನು ಹಿಡಿದುಕೊಳ್ಳುತ್ತದೆ. ಬಿಸಿನೀರು ಸುರಿದು, ಬೋರಲು ಹಾಕಿದರೆ ಸಾಕು.